ದುರ್ವಾಸನೆ ಮರದ ಜಾಡು: ಗೋರೆಗಾಂವ್‌ನ ಪ್ರಯೋಗಾಲಯದಿಂದ ಘಟ್ಟದ ಕೊಡಲಿಯವರೆಗೆ

ಪುಣೆಯ ನಮ್ಮ ಚಾರಣದ ಗುಂಪಿನಲ್ಲಿ ಶಿರಸಿ ಕಡೆಯ ಹಿರಿಯರೊಬ್ಬರಿದ್ದಾರೆ. ಮಹಾಬಳೇಶ್ವರದ ಕಾಡಿನಲ್ಲಿ ಮಳೆ ಸ್ವಲ್ಪ ಹೊಳವಾಗಿದ್ದ ಒಂದು ಬೆಳಿಗ್ಗೆ ಅವರು ದಾರಿಬದಿಯ ಸಣ್ಣ ಮರವೊಂದರ ಎಲೆ ಕಿತ್ತು, ಅಂಗೈಯಲ್ಲಿ ತಿಕ್ಕಿ, ಮೂಸಿ ಮುಖ ಕಿವುಚಿದರು. ‘ಇದು ನಮ್ಮ ಕಡೆಯ ದುರ್ವಾಸನೆ ಮರವೇ ಸೈ’ ಎಂದರು. ಜೊತೆಗಿದ್ದ ಸ್ಥಳೀಯ ಹುಡುಗ ಅದನ್ನು ‘ನರಕ್ಯಾ’ ಎಂದ. ಕೊಂಬೆಯ ತುದಿಯಲ್ಲಿ ಗುಂಪಾಗಿ ಕೂತ ಅಗಲದ ಎಲೆಗಳು, ಅವುಗಳ ಕೆಳಗೆ ಉದುರಿದ ಎಲೆಗಳ ಗುರುತಿನಿಂದ ಸುಕ್ಕುಗಟ್ಟಿದ ತೊಗಟೆ, ಕೆನೆಬಣ್ಣದ ಚಿಕ್ಕ ಹೂಗಳು: ನೋಡಲು ಏನೂ ವಿಶೇಷವಿಲ್ಲದ ಮರ. ಆದರೆ ಆ ಹೂವಿನ ನಾತ ಮೂಗಿಗೆ ಬಡಿದವರು ಅದನ್ನು ಬೇಗ ಮರೆಯಲಾರರು. ಇದೇ ಮರಕ್ಕೆ ಮರಾಠಿಯಲ್ಲಿ ‘ಅಮೃತಾ’ ಎಂಬ ಹೆಸರೂ ಇದೆ. ನರಕ ಮತ್ತು ಅಮೃತ ಒಂದೇ ಕಾಂಡದಲ್ಲಿ ಸೇರಿರುವುದು ಹೇಗೆಂದು ತಿಳಿಯಲು ಅದರ ಚರಿತ್ರೆಯನ್ನು ತುಸು ಕೆದಕಬೇಕಾಗುತ್ತದೆ.

ಸಸ್ಯಶಾಸ್ತ್ರದ ದಾಖಲೆಗೆ ಇದು ಸೇರಿದ್ದು ಮುಂಬಯಿಯ ಮೂಲಕ. ಇಲ್ಲಿ ಅಂಚೆ ಇಲಾಖೆಯ ಅಧಿಕಾರಿಯಾಗಿದ್ದ ಜಾನ್ ಗ್ರಹಾಂ ಮುಂಬಯಿ ಸುತ್ತಮುತ್ತಲಿನ ಸಸ್ಯಗಳ ಪಟ್ಟಿಯೊಂದನ್ನು ಸಿದ್ಧಪಡಿಸುತ್ತಿದ್ದರು. 1839ರಲ್ಲಿ ಅವರು ತೀರಿಕೊಂಡಾಗ ಉಳಿದ ಭಾಗವನ್ನು ಪೂರ್ತಿ ಮಾಡಿಕೊಟ್ಟವರು ಗೆಳೆಯ ಜೋಸೆಫ್ ನಿಮ್ಮೋ. ಗ್ರಹಾಂ ಈ ಗಿಡಕ್ಕೆ ಗೆಳೆಯನ ಹೆಸರನ್ನೇ ಇಟ್ಟಿದ್ದರು. ಆದ್ದರಿಂದಲೇ ಇಂದಿಗೂ ಇದು ನೋಥಪೊಡೈಟಿಸ್ ನಿಮ್ಮೋನಿಯಾನ. ನಡುವೆ ಬಹುಕಾಲ ಬಳಕೆಯಲ್ಲಿದ್ದ ಹೆಸರು ಮ್ಯಾಪಿಯಾ ಫೀಟಿಡಾ. ಲ್ಯಾಟಿನ್ನಿನ ಆ ಎರಡನೆಯ ಪದಕ್ಕೂ ನಾರುವುದು ಎಂದೇ ಅರ್ಥ.

ಸಸ್ಯಮೂಲದ ಔಷಧಗಳ ಮಾತು ಬಂದೊಡನೆ ನಾವು ಅಜ್ಜಿಯ ಮದ್ದಿನಿಂದ ಕತೆ ಆರಂಭಿಸುತ್ತೇವೆ. ಕೆಲವು ಕಡೆ ಅದು ನಿಜವೂ ಹೌದು. ನಮ್ಮ ವೈದ್ಯರು ತಲೆಮಾರುಗಳಿಂದ ಬಳಸುತ್ತಿದ್ದ ಸರ್ಪಗಂಧವು ರಕ್ತದೊತ್ತಡವನ್ನು ಇಳಿಸುತ್ತದೆ ಎಂಬುದನ್ನು ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲರು 1949ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವಿವರವಾಗಿ ಬರೆದ ಮೇಲೆಯೇ ಪಶ್ಚಿಮದ ವೈದ್ಯರು ಆ ಬೇರಿನತ್ತ ಗಂಭೀರವಾಗಿ ನೋಡಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಎಂಬ ಔಷಧಾಂಶವನ್ನು ಬೇರ್ಪಡಿಸಿದರು. ಅರಿಸಿನದಿಂದ ಗಾಯ ವಾಸಿಮಾಡುವ ವಿಧಾನಕ್ಕೆ ಅಮೆರಿಕದಲ್ಲಿ 1995ರಲ್ಲಿ ಸಿಕ್ಕ ಪೇಟೆಂಟನ್ನು, ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವನ್ನು ಮುನ್ನಡೆಸಿ ದಿಲ್ಲಿಗೆ ಹೋಗಿದ್ದ ಮಾಶೇಲ್ಕರ್ ಅವರ ನೇತೃತ್ವದ, ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್ 1997ರಲ್ಲಿ ರದ್ದು ಮಾಡಿಸಿತು. ಅಲ್ಲಿ ಹಳೆಯ ಗ್ರಂಥಗಳೇ ಸಾಕ್ಷಿ ನುಡಿದವು. ನರಕ್ಯಾದ ವಿಷಯದಲ್ಲಿ ಅಂಥ ಸಾಕ್ಷಿಗೆ ಕೆಲಸವಿಲ್ಲ. ಕ್ಯಾನ್ಸರಿಗೆ ಇದು ಮದ್ದಾದೀತೆಂಬ ಸುಳಿವು ಬಂದದ್ದು ಯಾರ ಮನೆಯ ಅಡುಗೆಕೋಣೆಯಿಂದಲೂ ಅಲ್ಲ, ಚೀನಾ ಮೂಲದ ಬೇರೊಂದು ಮರದಿಂದ.

1950ರ ದಶಕದಲ್ಲಿ ಅಮೆರಿಕದ ಕೃಷಿ ಇಲಾಖೆಯ ರಸಾಯನಶಾಸ್ತ್ರಜ್ಞ ಮನ್ರೋ ವಾಲ್ ಅವರು ಸ್ಟೀರಾಯ್ಡ್ ತಯಾರಿಸಲು ಬೇಕಾದ ವಸ್ತುವಿಗಾಗಿ ಸಾವಿರಾರು ಸಸ್ಯಗಳ ಸಾರವನ್ನು ಪರೀಕ್ಷಿಸುತ್ತಿದ್ದರು. ಅವುಗಳಲ್ಲಿ ಕೆಲವನ್ನು ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಗೆ ಕಳಿಸಿದಾಗ, ಚೀನಾದ ಕ್ಯಾಂಪ್ಟೊಥೆಕಾ ಮರದ ಸಾರ ಕ್ಯಾನ್ಸರ್ ಗೆಡ್ಡೆಗಳ ಬೆಳವಣಿಗೆಯನ್ನು ತಡೆಯುವುದು ಕಂಡುಬಂತು. ವಾಲ್ ಮತ್ತು ಮನ್ಸುಖ್ ವಾಣಿ ಸೇರಿ 1966ರಲ್ಲಿ ಅದರೊಳಗಿನ ಆಲ್ಕಲಾಯ್ಡಿನ (ಸಾರಜನಕವುಳ್ಳ ಸಸ್ಯಜನ್ಯ ರಾಸಾಯನಿಕದ) ರಚನೆಯನ್ನು ಪ್ರಕಟಿಸಿದರು. ಅದೇ ಕ್ಯಾಂಪ್ಟೊಥೆಸಿನ್. ಆದರೆ ಆ ಮರದಲ್ಲಿ ಅದು ಇದ್ದದ್ದು ತೀರ ಅತ್ಯಲ್ಪ.

ಇಲ್ಲಿಂದ ಕತೆ ಮುಂಬಯಿಯ ಗೋರೆಗಾಂವ್‌ಗೆ ಬರುತ್ತದೆ. 1963ರಲ್ಲಿ ಅಲ್ಲಿ ಆರಂಭವಾದ ಸೀಬಾ ಸಂಶೋಧನಾ ಕೇಂದ್ರವನ್ನು ಮದರಾಸಿನಿಂದ ಬಂದ ಟಿ. ಆರ್. ಗೋವಿಂದಾಚಾರಿ ಮುನ್ನಡೆಸುತ್ತಿದ್ದರು. ಅವರೂ ಎನ್. ವಿಶ್ವನಾಥನ್ ಅವರೂ 1972ರಲ್ಲಿ ಪ್ರಕಟಿಸಿದ ಪ್ರಬಂಧದ ಪ್ರಕಾರ, ನಮ್ಮ ಮ್ಯಾಪಿಯಾ ಫೀಟಿಡಾದಲ್ಲಿಯೂ ಕ್ಯಾಂಪ್ಟೊಥೆಸಿನ್ ಇತ್ತು, ಅದೂ ಒಣಗಿದ ಕಟ್ಟಿಗೆಯ ತೂಕದ ಶೇಕಡಾ 0.1ರ ಆಸುಪಾಸಿನಲ್ಲಿ. ಅಂದರೆ ಒಂದು ಟನ್ ಕಟ್ಟಿಗೆಗೆ ಸುಮಾರು ಒಂದು ಕಿಲೊ. ಕೇಳಲು ಜುಜುಬಿ ಎನಿಸಿದರೂ ಚೀನಾದ ಮರಕ್ಕೆ ಹೋಲಿಸಿದರೆ ಇದು ಹಲವು ಪಟ್ಟು ಹೆಚ್ಚು. ಎರಡೂ ಮರಗಳು ಬೇರೆ ಬೇರೆ ಕುಟುಂಬಕ್ಕೆ ಸೇರಿದವು ಎಂಬುದು ಇನ್ನೂ ಸೋಜಿಗ.

ಆಗ ಮರಕ್ಕೆ ಏನೂ ಆಗಲಿಲ್ಲ, ಏಕೆಂದರೆ ಔಷಧವೇ ಸೋತಿತ್ತು. ಕ್ಯಾಂಪ್ಟೊಥೆಸಿನ್ ನೀರಿನಲ್ಲಿ ಕರಗದು. ಹಾಗಾಗಿ ಅದರ ಅಣುವಿನ ಒಂದು ಉಂಗುರವನ್ನು ಬಿಚ್ಚಿ, ಸೋಡಿಯಂ ಲವಣವಾಗಿಸಿ ರೋಗಿಗಳಿಗೆ ಕೊಟ್ಟರು. ಮದ್ದಿನ ಶಕ್ತಿ ಇದ್ದದ್ದು ಬಿಚ್ಚದ ಆ ಉಂಗುರದಲ್ಲಿಯೇ. ಸಾಲದೆಂಬಂತೆ, ಮೂತ್ರದ ಆಮ್ಲೀಯತೆಯಲ್ಲಿ ಉಂಗುರ ಮತ್ತೆ ಕೂಡಿಕೊಂಡು ಮೂತ್ರಕೋಶದಿಂದ ರಕ್ತ ಸೋರುವಂತಾಯಿತು. 1970ರ ದಶಕದ ಆರಂಭದಲ್ಲಿಯೇ ಪ್ರಯೋಗಗಳು ನಿಂತವು. 1985ರಲ್ಲಿ ಅದು ಕೆಲಸ ಮಾಡುವ ಬಗೆ ತಿಳಿದ ಮೇಲೆ ಆಸಕ್ತಿ ಮರಳಿತು. ಜೀವಕೋಶ ಇಬ್ಭಾಗವಾಗುವ ಮುನ್ನ ಡಿಎನ್‌ಎಯ ಹುರಿ ಸಡಿಲಗೊಳ್ಳಬೇಕು. ಅದಕ್ಕಾಗಿ ಟೊಪೊಐಸೊಮರೇಸ್ ಎಂಬ ಕಿಣ್ವವು ಒಂದು ಎಳೆಯನ್ನು ಕತ್ತರಿಸಿ, ಹುರಿ ಬಿಚ್ಚಿದ ಮೇಲೆ ಮತ್ತೆ ಬೆಸೆಯುತ್ತದೆ. ಕ್ಯಾಂಪ್ಟೊಥೆಸಿನ್ ಕತ್ತರಿಸಿದ ಜಾಗದಲ್ಲಿ ಕೂತು ಬೆಸೆಯಲು ಬಿಡುವುದಿಲ್ಲ. ನೀರಿನಲ್ಲಿ ಕರಗುವಂತೆ ಅದನ್ನು ಮಾರ್ಪಡಿಸಿ ಮಾಡಿದ ಎರಡು ಮದ್ದುಗಳಿಗೆ, ಅಂಡಾಶಯದ ಕ್ಯಾನ್ಸರಿಗೆ ಟೊಪೊಟಿಕಾನ್ ಮತ್ತು ದೊಡ್ಡ ಕರುಳಿನ ಕ್ಯಾನ್ಸರಿಗೆ ಇರಿನೊಟಿಕಾನ್, 1996ರಲ್ಲಿ ಅಮೆರಿಕದ ಅನುಮತಿ ದೊರೆಯಿತು.

ಘಟ್ಟದಲ್ಲಿ ಕೊಡಲಿಯ ಸದ್ದು ಹೆಚ್ಚಿದ್ದು ಆ ಬೇಡಿಕೆಯಿಂದ. ಸಹ್ಯಾದ್ರಿಯ ಕಾಡುಗಳಲ್ಲಿ ನರಕ್ಯಾವನ್ನು ಕಡಿದು, ಚಕ್ಕೆ ಮಾಡಿ, ಚೀಲಕ್ಕೆ ತುಂಬಿ ಸಾಗಿಸುವ ದಂಧೆ ಬೆಳೆಯಿತು. ಅರಣ್ಯ ಇಲಾಖೆ ಇಂಥ ಲೋಡುಗಳನ್ನು ಹಿಡಿದ ಸುದ್ದಿ ಮರಾಠಿ ಪತ್ರಿಕೆಗಳಿಗೆ ಹೊಸದಲ್ಲ. ಬುಡ ಉಳಿಸಿ ಕಡಿದರೆ ಈ ಮರ ಮತ್ತೆ ಚಿಗುರುತ್ತದೆ. ಆದರೆ ಬೇರಿನಲ್ಲಿ ಔಷಧಾಂಶ ಹೆಚ್ಚು, ಹಾಗಾಗಿ ಬೇರುಸಹಿತ ಕೀಳುತ್ತಾರೆ, ಚಿಗುರಲು ಏನೂ ಉಳಿಯುವುದಿಲ್ಲ. ಆ ಹುಡುಗ ನಮಗೆ ತೋರಿಸಿದ್ದು ಅಂಥದೇ ಒಂದು ಗುಂಡಿ: ಮೊಣಕಾಲುದ್ದದ ಆಳ, ಅಂಚಿನಲ್ಲಿ ಹರಿದ ಬೇರಿನ ತುದಿಗಳು. ಕಡಿದವನ ಕೈಗೆ ಎಷ್ಟು ಸಿಕ್ಕಿತು ಎಂದರೆ, ‘ದಿನಗೂಲಿ’ ಎಂದ. ಕಾಡಿನ ಸಂಪತ್ತಿನ ಲಾಭದಲ್ಲಿ ಸ್ಥಳೀಯರಿಗೂ ಪಾಲು ಇರಬೇಕೆಂಬ ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ, ಗೋರೆಗಾಂವ್‌ನ ಪ್ರಬಂಧ ಬಂದು ಮೂವತ್ತು ವರ್ಷಗಳಾದ ಮೇಲೆ. ಕಳ್ಳತನದಲ್ಲಿ ಸಾಗುವ ಚೀಲಕ್ಕೆ ಆ ಕಾಯ್ದೆಯ ಪಾಲು ಹಂಚಿಕೆ ತಲುಪುವ ಮಾತೇ ಇಲ್ಲ.

ಪರಿಹಾರದ ಹುಡುಕಾಟ ಘಟ್ಟದ ಎರಡೂ ಕಡೆ ನಡೆದಿದೆ. ಎಲ್ಲ ಮರಗಳಲ್ಲೂ ಔಷಧಾಂಶ ಒಂದೇ ಸಮನಾಗಿಲ್ಲ ಎಂಬುದನ್ನು ಗಮನಿಸಿದ ಬೆಂಗಳೂರು ಮತ್ತು ಶಿರಸಿಯ ಸಂಶೋಧಕರು ಹೆಚ್ಚು ಅಂಶವಿರುವ ಮರಗಳನ್ನು ಗುರುತಿಸಿ, ಅವುಗಳನ್ನೇ ತೋಟದಲ್ಲಿ ಬೆಳೆಸಬಹುದೆಂಬ ದಾರಿ ತೋರಿಸಿದರು. 2005ರಲ್ಲಿ ಜಮ್ಮುವಿನ ವಿಜ್ಞಾನಿಗಳು ಈ ಮರದೊಳಗೆ ವಾಸಿಸುವ ಶಿಲೀಂಧ್ರವೊಂದು ತಾನೇ ಕ್ಯಾಂಪ್ಟೊಥೆಸಿನ್ ತಯಾರಿಸುತ್ತದೆ ಎಂದು ವರದಿ ಮಾಡಿದಾಗ, ಇನ್ನು ಮರವನ್ನೇ ಮುಟ್ಟಬೇಕಿಲ್ಲ ಎಂಬ ಆಸೆ ಹುಟ್ಟಿತು. ಆದರೆ ಇಂಥ ಶಿಲೀಂಧ್ರಗಳನ್ನು ಮರದಿಂದ ಹೊರತೆಗೆದು ಗಾಜಿನ ತಟ್ಟೆಯಿಂದ ತಟ್ಟೆಗೆ ಬದಲಾಯಿಸುತ್ತ ಬೆಳೆಸಿದಂತೆ, ತಲೆಮಾರಿನಿಂದ ತಲೆಮಾರಿಗೆ ಇಳುವರಿ ಕುಸಿಯುತ್ತ ಹೋಯಿತು. ಔಷಧ ತಯಾರಿಕೆಗೆ ಬೇಕಾದ ಕ್ಯಾಂಪ್ಟೊಥೆಸಿನ್ ಇಂದಿಗೂ ಬಹುಮಟ್ಟಿಗೆ ಮರದಿಂದಲೇ ಬರುತ್ತಿದೆ.