ಪದ ಪರಿಚಯ: ವೋಲ್ತಾ ದು ಮಾರ್

ಪೋರ್ಚುಗೀಸರ ಸಮುದ್ರಯಾನದ ಚರಿತ್ರೆಯನ್ನು ನಾವು ಶಾಲೆಯಲ್ಲಿ ಓದಿದ್ದು ಬಹುಮಟ್ಟಿಗೆ ಹೋದವರ ಕಥೆಯಾಗಿ. ಬಾರ್ತೊಲೊಮೆವು ದಿಯಾಸ್ ಆಫ್ರಿಕದ ದಕ್ಷಿಣ ತುದಿಯನ್ನು ಬಳಸಿಕೊಂಡು ಹೋದ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ, ಕಬ್ರಾಲ್ ಬ್ರೆಜಿಲಿನ ಕರಾವಳಿಯನ್ನು ಕಂಡ ಎಂದು ನಾವು ಬಾಯಿಪಾಠ ಮಾಡಿದ್ದೇವೆ. ಆದರೆ ಹಾಯಿಹಡಗಿನ ಕಾಲದ ನಾವಿಕನನ್ನು ಹೆಚ್ಚು ಕಾಡಿದ್ದು ಹೋಗುವುದು ಹೇಗೆ ಎಂಬುದಲ್ಲ, ಮರಳಿ ಬರುವುದು ಹೇಗೆ ಎಂಬುದು. ಆ ಪ್ರಶ್ನೆಗೆ 15ನೆಯ ಶತಮಾನದ ಪೋರ್ಚುಗೀಸ್ ನಾವಿಕರು ಕಂಡುಕೊಂಡ ಉತ್ತರಕ್ಕೆ ‘ವೋಲ್ತಾ ದು ಮಾರ್’ ಎಂದು ಹೆಸರು. ಸಾಗರ ವ್ಯಾಪಾರಮಾರ್ಗಗಳ ಇಡೀ ಚರಿತ್ರೆಯಲ್ಲಿ ಇಷ್ಟು ಮುಖ್ಯವಾಗಿದ್ದೂ ಇಷ್ಟು ಕಡಿಮೆ ಪರಿಚಿತವಾದ ಇನ್ನೊಂದು ಪದ ಇರಲಾರದು ಎಂದು ನನಗೆ ಅನ್ನಿಸುತ್ತದೆ.

ಪೋರ್ಚುಗೀಸಿನಲ್ಲಿ ‘ಮಾರ್’ ಎಂದರೆ ಕಡಲು, ‘ದು ಮಾರ್’ ಎಂದರೆ ಕಡಲಿನ. ‘ವೋಲ್ತಾ’ ಎಂಬುದು ತಿರುವು, ಸುತ್ತು, ಮರಳುವಿಕೆ ಎಂಬ ಮೂರು ಅರ್ಥಗಳನ್ನೂ ಒಳಗೊಂಡಿದೆ. ಊರೊಳಗೆ ಒಂದು ಸುತ್ತು ಹಾಕಿ ಬರುವುದಕ್ಕೂ, ಹೋದಲ್ಲಿಂದ ಹಿಂದಿರುಗುವುದಕ್ಕೂ ಅದೇ ಪದ ಸಲ್ಲುತ್ತದೆ. ಹಾಗಾಗಿ ಈ ಪದಪುಂಜವನ್ನು ‘ಕಡಲ ಮರಳುದಾರಿ’ ಎಂದು ಕನ್ನಡಿಸಬಹುದು, ‘ಕಡಲ ತಿರುವು’ ಎಂದೂ ಹೇಳಬಹುದು. ಆದರೆ ನಾವಿಕರ ಬಳಕೆಯಲ್ಲಿ ಇದಕ್ಕೆ ಇನ್ನೂ ಖಚಿತವಾದ ಒಂದು ಅರ್ಥವಿತ್ತು. ಎದುರುಗಾಳಿಯಲ್ಲಿ ಸಾಗುವ ಹಾಯಿಹಡಗು ನೇರವಾಗಿ ಮುಂದೆ ಹೋಗಲಾರದೆ ಹಾಯಿಯನ್ನು ಹೊರಳಿಸುತ್ತ ಒಮ್ಮೆ ದಡದ ಕಡೆಗೆ, ಒಮ್ಮೆ ಕಡಲಿನ ಕಡೆಗೆ ಓರೆಯಾಗಿ ಸಾಗಬೇಕಾಗುತ್ತದೆ. ಈ ಎರಡರಲ್ಲಿ ಕಡಲಿನ ಕಡೆಗೆ ಹೊರಳುವುದೇ ‘ವೋಲ್ತಾ ದು ಮಾರ್’. ಅಂದರೆ ದಡಕ್ಕೆ ಬೆನ್ನು ತಿರುಗಿಸುವ ಒಂದು ಸಾಮಾನ್ಯ ಕ್ರಿಯೆಯ ಹೆಸರು, ಆ ಹೊರಳುವಿಕೆ ವಾರಗಟ್ಟಲೆ ಮುಂದುವರಿದಾಗ, ಮಹಾಸಾಗರವನ್ನೇ ಬಳಸಿ ಬರುವ ಒಂದು ಮಾರ್ಗದ ಹೆಸರಾಗಿ ಬೆಳೆಯಿತು.

ಈ ಮಾರ್ಗ ಏಕೆ ಬೇಕಾಯಿತು ಎಂಬುದು ತಿಳಿಯಲು ಪೋರ್ಚುಗಲ್ಲಿನಿಂದ ದಕ್ಷಿಣಕ್ಕೆ ಮೊರಾಕ್ಕೊ, ಪಶ್ಚಿಮ ಸಹಾರ, ಸೆನೆಗಲ್ ಎಂದು ಇಳಿಯುತ್ತ ಹೋಗುವ ಆಫ್ರಿಕದ ಕರಾವಳಿಯನ್ನು ನೆನೆಯಬೇಕು. ಅಲ್ಲಿ ಗಾಳಿ ವರ್ಷದ ಬಹುಭಾಗ ಉತ್ತರದಿಂದ ಮತ್ತು ಈಶಾನ್ಯದಿಂದ ಬೀಸುತ್ತದೆ. ಅದರ ಜೊತೆಗೇ ಕ್ಯಾನರಿ ಪ್ರವಾಹವೆಂಬ ತಣ್ಣನೆಯ ಸಾಗರ ಪ್ರವಾಹವೂ ದಕ್ಷಿಣಕ್ಕೇ ಹರಿಯುತ್ತದೆ. ಹೋಗುವವನಿಗೆ ಗಾಳಿಯೂ ನೀರೂ ಬೆನ್ನಿಗೆ ನಿಂತು ತಳ್ಳುತ್ತವೆ, ಬರುವವನಿಗೆ ಅವೆರಡೂ ಎದೆಗೆ ಅಡ್ಡ ನಿಲ್ಲುತ್ತವೆ. 1291ರಲ್ಲಿ ಜಿನೋವಾದ ವಿವಾಲ್ದಿ ಸಹೋದರರು ಆಫ್ರಿಕವನ್ನು ಬಳಸಿ ಇಂಡಿಯಾ ತಲುಪುವ ಆಸೆಯಿಂದ ಜಿಬ್ರಾಲ್ಟರ್ ದಾಟಿ ಹೋದವರು ಮತ್ತೆ ಕಾಣಿಸಲಿಲ್ಲ. ಮೊರಾಕ್ಕೊದ ಕರಾವಳಿಯ ಒಂದು ಭೂಶಿರಕ್ಕೆ ಪೋರ್ಚುಗೀಸರು ‘ಇಲ್ಲ’ ಎಂಬ ಅರ್ಥದ ‘ನಾಂವ್’ ಎಂಬ ಹೆಸರಿಟ್ಟಿದ್ದರು. ಆ ಭೂಶಿರವನ್ನು ದಾಟಿದವನು ಮರಳಿದರೆ ಮರಳಿದ, ಇಲ್ಲವಾದರೆ ಇಲ್ಲ ಎಂಬ ಗಾದೆಯೇ ಅವರಲ್ಲಿತ್ತು. ಅದಕ್ಕೂ ದಕ್ಷಿಣದ ಬೊಜದೋರ್ ಭೂಶಿರದ ಕುರಿತ ಭಯವನ್ನು ಮಧ್ಯಯುಗದ ಮೂಢನಂಬಿಕೆ ಎಂದು ತಳ್ಳಿಹಾಕುವುದು ವಾಡಿಕೆ. ಕುದಿಯುವ ಸಮುದ್ರ, ಕಡಲ ಭೂತಗಳೆಂಬ ಮಾತುಗಳೇನೋ ಇದ್ದವು. ಆದರೆ ಆ ಭಯದ ತಿರುಳಿನಲ್ಲಿ ಗಾಳಿಯನ್ನು ಬಲ್ಲವರ ಲೆಕ್ಕಾಚಾರವೂ ಇತ್ತೆಂಬುದನ್ನು ನಾವು ಮರೆಯಬಾರದು. ಪೋರ್ಚುಗಲ್ಲಿನ ರಾಜಕುಮಾರ ಹೆನ್ರಿಯ ಆಜ್ಞೆಯ ಮೇರೆಗೆ ಜಿಲ್ ಇಯಾನಿಶ್ 1434ರಲ್ಲಿ ಬೊಜದೋರ್ ದಾಟಿದಾಗ ಅದು ದೊಡ್ಡ ಘಟನೆಯೆನಿಸಿದ್ದು ಅವನು ಅಲ್ಲಿಗೆ ಹೋದದ್ದಕ್ಕಿಂತ ಹೆಚ್ಚಾಗಿ ಅಲ್ಲಿಂದ ಮರಳಿದ್ದರಿಂದ.

ತ್ರಿಕೋನಾಕಾರದ ಹಾಯಿಯ ಕ್ಯಾರವೆಲ್ ಎಂಬ ಹಗುರ ಹಡಗು ಎದುರುಗಾಳಿಯಲ್ಲಿ ಓರೆಯಾಗಿ ಸಾಗಬಲ್ಲದಾಗಿತ್ತು ಎಂಬುದು ನಿಜ. ಆದರೆ ಎದುರುಗಾಳಿಯ ಜೊತೆಗೆ ಎದುರುಪ್ರವಾಹವೂ ಇರುವ ಕಡೆ, ಬಂಡೆಗಳ ದಡವನ್ನು ಪಕ್ಕದಲ್ಲಿಟ್ಟುಕೊಂಡು ಸಾವಿರಾರು ಕಿಲೋಮೀಟರ್ ಹಾಗೆ ಹೆಣಗಾಡುವುದು ಹಡಗಿಗೂ ಜನಕ್ಕೂ ಆಗದ ಮಾತು. ಆದ್ದರಿಂದ ಗಿನಿಯಿಂದ, ಅಂದರೆ ಪಶ್ಚಿಮ ಆಫ್ರಿಕದ ಕರಾವಳಿಯಿಂದ, ಹೊರಟ ಹಡಗುಗಳು ದಡದ ಆಸೆಯನ್ನೇ ಬಿಟ್ಟು, ಈಶಾನ್ಯದ ಗಾಳಿಯನ್ನು ಬಲಮಗ್ಗುಲಿಗೆ ತೆಗೆದುಕೊಂಡು ವಾಯವ್ಯಕ್ಕೆ, ಅಂದರೆ ಊರಿನಿಂದ ಇನ್ನಷ್ಟು ದೂರಕ್ಕೆ, ನಟ್ಟನಡು ಅಟ್ಲಾಂಟಿಕ್‌ನತ್ತ ಸಾಗತೊಡಗಿದವು. ಹಾಗೆ ಸಾಗಿ ಅಜೋರ್ಸ್ ದ್ವೀಪಗಳ ಅಕ್ಷಾಂಶದ ಹತ್ತಿರಕ್ಕೆ ಏರಿದಾಗ ಗಾಳಿಯ ದಿಕ್ಕು ಬದಲಾಗಿ ಪಶ್ಚಿಮ ಮಾರುತಗಳು ಸಿಗುತ್ತಿದ್ದವು. ಅವುಗಳನ್ನು ಹಾಯಿಗೆ ತುಂಬಿಕೊಂಡು ಪೂರ್ವಕ್ಕೆ ತಿರುಗಿದರೆ ಲಿಸ್ಬನ್. ನಕ್ಷೆಯ ಮೇಲೆ ಎರಡುಪಟ್ಟು ಉದ್ದವಾಗಿ ಕಾಣುವ ಈ ದಾರಿಯೇ ಕಡಲಿನಲ್ಲಿ ಹತ್ತಿರದ ದಾರಿಯಾಗಿತ್ತು. ಈ ಬಳಸುದಾರಿಗೆ ‘ವೋಲ್ತಾ ದು ಸರ್ಗಾಸು’ ಎಂಬ ಹೆಸರೂ ಇತ್ತು; ಸರ್ಗಾಸು ಎಂದರೆ ಆ ಕಡಲಿನಲ್ಲಿ ತೇಲುವ ಕಂದುಹಳದಿ ಕಡಲಕಳೆ, ಇಂದಿನ ನಕ್ಷೆಗಳ ಸರ್ಗಾಸೊ ಸಮುದ್ರಕ್ಕೆ ಹೆಸರು ಬಂದದ್ದು ಅದರಿಂದಲೇ.

ಇದರ ಹಿಂದಿನ ಭೌತಿಕ ಕಾರಣ ಇಂದು ನಮಗೆ ಗೊತ್ತಿದೆ. ಸುಮಾರು 30 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಗಾಳಿ ಮೇಲಿನಿಂದ ಕೆಳಗಿಳಿದು ಅಧಿಕ ಒತ್ತಡದ ವಲಯವೊಂದು ಉಂಟಾಗುತ್ತದೆ. ಅಲ್ಲಿಂದ ಸಮಭಾಜಕದತ್ತ ಹೊರಟ ಗಾಳಿ ಭೂಮಿಯ ತಿರುಗುವಿಕೆಯಿಂದ ಪಶ್ಚಿಮಕ್ಕೆ ಬಾಗಿ ವಾಣಿಜ್ಯ ಮಾರುತವಾಗುತ್ತದೆ, ಧ್ರುವದತ್ತ ಹೊರಟದ್ದು ಪೂರ್ವಕ್ಕೆ ಬಾಗಿ ಪಶ್ಚಿಮ ಮಾರುತವಾಗುತ್ತದೆ. ಹೀಗೆ ಉತ್ತರ ಅಟ್ಲಾಂಟಿಕ್‌ನಲ್ಲಿ ಗಾಳಿಯೂ ಪ್ರವಾಹವೂ ಗಡಿಯಾರದ ಮುಳ್ಳಿನಂತೆ ಒಂದು ದೊಡ್ಡ ಸುತ್ತು ಸುತ್ತುತ್ತಿರುತ್ತವೆ. ವಾಣಿಜ್ಯ ಮಾರುತಗಳ ನಕ್ಷೆಯನ್ನು ಎಡ್ಮಂಡ್ ಹ್ಯಾಲಿ ಪ್ರಕಟಿಸಿದ್ದು 1686ರಲ್ಲಿ, ಜಾರ್ಜ್ ಹ್ಯಾಡ್ಲಿ ಅವುಗಳಿಗೆ ಭೂಭ್ರಮಣದ ವಿವರಣೆ ಕೊಟ್ಟದ್ದು 1735ರಲ್ಲಿ. ಕಾರಣ ತಿಳಿಯುವ ಎರಡೂವರೆ ಶತಮಾನಗಳ ಮೊದಲೇ ನಾವಿಕರು ಆ ಸುತ್ತಿನ ಮೇಲೆ ತಮ್ಮ ಪ್ರಾಣವನ್ನು ಒತ್ತೆಯಿಟ್ಟಿದ್ದರು. ಅದನ್ನು ಒಬ್ಬನೇ ಒಬ್ಬ ಕಂಡುಹಿಡಿದನೆಂದು ಹೇಳುವಂತಿಲ್ಲ. ಹೆಸರು ಉಳಿಯದ ಅದೆಷ್ಟೋ ಮೀನುಗಾರರ, ಚುಕ್ಕಾಣಿಗರ ಅನುಭವ ಅದರಲ್ಲಿ ಸೇರಿದೆ.

ದಡ ಕಣ್ಮರೆಯಾದ ಮೇಲೆ ಪೂರ್ವಕ್ಕೆ ಯಾವಾಗ ತಿರುಗಬೇಕೆಂದು ತಿಳಿಯುವುದು ಹೇಗೆ? ಇದಕ್ಕಾಗಿಯೇ ಪೋರ್ಚುಗೀಸರು ಆಕಾಶದತ್ತ ನೋಡಿದರು. ಧ್ರುವ ನಕ್ಷತ್ರ ದಿಗಂತದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದು, ಅದು ಲಿಸ್ಬನ್ನಿನಲ್ಲಿ ಕಾಣುವ ಎತ್ತರಕ್ಕೆ ಬಂದಾಗ ಪೂರ್ವಕ್ಕೆ ಹೊರಳಿದರೆ ಸಾಕು, ಊರು ಎದುರಿಗೇ ಬರುತ್ತಿತ್ತು. ಸಮಭಾಜಕದ ದಕ್ಷಿಣಕ್ಕೆ ಆ ನಕ್ಷತ್ರವೇ ಕಾಣದಿದ್ದುದರಿಂದ ನಡುಹಗಲಿನ ಸೂರ್ಯನ ಎತ್ತರವನ್ನು ಅಳೆದು ಅಕ್ಷಾಂಶ ತಿಳಿಯುವ ಕೋಷ್ಟಕಗಳು ಬೇಕಾದವು. ಯಹೂದಿ ಖಗೋಳಜ್ಞ ಅಬ್ರಹಾಂ ಜಕೂತೊನ ಪಂಚಾಂಗ 1496ರಲ್ಲಿ ಪೋರ್ಚುಗಲ್ಲಿನ ಲೆಯಿರಿಯಾದಲ್ಲಿ ಅಚ್ಚಾದದ್ದು ಈ ಕಾರ್ಯಕ್ಕೆ ದೊಡ್ಡ ನೆರವಾಯಿತು. ದಡವನ್ನು ನೋಡಿಕೊಂಡು ಸಾಗುವವನಿಗೆ ಇಂಥ ಲೆಕ್ಕದ ಅಗತ್ಯ ಅಷ್ಟಾಗಿ ಇರಲಿಲ್ಲ.

ಮರಳುದಾರಿ ತಿಳಿದದ್ದರ ಇನ್ನೊಂದು ಪರಿಣಾಮವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. 1444ರ ಆಗಸ್ಟ್‌ನಲ್ಲಿ ಪೋರ್ಚುಗಲ್ಲಿನ ಲಾಗೋಸ್ ಬಂದರಿನಲ್ಲಿ ಆಫ್ರಿಕದ ಕರಾವಳಿಯಿಂದ ಸೆರೆಹಿಡಿದು ತಂದ 235 ಮಂದಿಯನ್ನು ಇಳಿಸಿ, ತಾಯಿಮಕ್ಕಳನ್ನು ಬೇರ್ಪಡಿಸಿ ಹಂಚಲಾಯಿತು. 1482ರಲ್ಲಿ ಇಂದಿನ ಘಾನಾದಲ್ಲಿ ಎಲ್ಮಿನಾ ಕೋಟೆ ಎದ್ದಾಗ ಅಲ್ಲಿಂದ ಹೊರಟ ಚಿನ್ನಕ್ಕೂ ಇಂಥದೇ ಬಳಸುದಾರಿಯಿತ್ತು, ಅದನ್ನು ‘ವೋಲ್ತಾ ದ ಮಿನಾ’ ಎನ್ನುತ್ತಿದ್ದರು. ನಾವಿಕನನ್ನು ಅವನ ಮನೆಗೆ ಸೇರಿಸಿದ ಗಾಳಿಯೇ ಸಾವಿರಾರು ಜನರನ್ನು ಅವರ ಮನೆಗಳಿಂದ ಕಿತ್ತುಕೊಂಡು ಹೋಯಿತು, ಅವರಿಗೆ ಮಾತ್ರ ಯಾವ ವೋಲ್ತಾವೂ ಇರಲಿಲ್ಲ.

ಉತ್ತರದಲ್ಲಿ ಕಲಿತದ್ದನ್ನು ದಕ್ಷಿಣದಲ್ಲಿ ಹೋಗುವ ದಾರಿಗೆ ಅನ್ವಯಿಸಿದ್ದು ಈ ಪದದ ಎರಡನೆಯ ಜೀವನ. ಇಂದಿನ ನಮೀಬಿಯಾದ ಕರಾವಳಿಯಲ್ಲಿ ಎದುರುಗಾಳಿಗೆ ಸಿಕ್ಕ ದಿಯಾಸ್ ದಡ ಬಿಟ್ಟು ದಕ್ಷಿಣದ ತೆರೆದ ಕಡಲಿಗೆ ಇಳಿದ. ಅಲ್ಲಿ ಪಶ್ಚಿಮದ ಗಾಳಿ ಹಿಡಿದು ಪೂರ್ವಕ್ಕೆ ಸಾಗಿ, ದಡ ಕಾಣದೆ ಉತ್ತರಕ್ಕೆ ತಿರುಗಿದಾಗ 1488ರ ಫೆಬ್ರವರಿಯಲ್ಲಿ ನೆಲ ಸಿಕ್ಕಿತು. ಅಷ್ಟರಲ್ಲಿ ಆಫ್ರಿಕದ ತುದಿ ಅವನಿಗೆ ಅರಿವಿಲ್ಲದೆಯೇ ಹಿಂದೆ ಸರಿದಿತ್ತು. ದಕ್ಷಿಣ ಅಟ್ಲಾಂಟಿಕ್‌ನಲ್ಲೂ ಗಾಳಿಯ ಸುತ್ತೊಂದಿದೆ, ಅದು ಉತ್ತರದ್ದಕ್ಕೆ ತಿರುವುಮುರುವಾಗಿ ಸುತ್ತುತ್ತದೆ ಎಂಬುದರ ಸುಳಿವು ಇದು. 1497ರ ಜುಲೈ 8ರಂದು ಲಿಸ್ಬನ್ ಬಿಟ್ಟ ಗಾಮ, ಆಗಸ್ಟ್ 3ರಂದು ಕೇಪ್ ವರ್ಡೆ ದ್ವೀಪಗಳಿಂದ ಹೊರಟ ಮೇಲೆ ಆಫ್ರಿಕದ ದಡವನ್ನು ಬಿಟ್ಟು ನೈಋತ್ಯಕ್ಕೆ, ದಕ್ಷಿಣ ಅಟ್ಲಾಂಟಿಕ್‌ನ ಒಳಕ್ಕೆ ಬಾಗಿ ಹೋದ. ಮುಂದೆ ಮೂರು ತಿಂಗಳು ನೆಲವೇ ಕಾಣಲಿಲ್ಲ. ಅಕ್ಟೋಬರ್ ಕೊನೆಗೆ ತಿಮಿಂಗಿಲಗಳು, ನವೆಂಬರ್ 1ರಂದು ದಡದಲ್ಲಿ ಬೆಳೆಯುವ ಕಡಲಕಳೆ ಕಣ್ಣಿಗೆ ಬಿದ್ದವು. ನವೆಂಬರ್ 4ರಂದು ದಕ್ಷಿಣ ಆಫ್ರಿಕದ ನೆಲ ಕಂಡಿತು. ಕೊಲಂಬಸ್ ಕ್ಯಾನರಿಯಿಂದ ಅಮೆರಿಕದ ದ್ವೀಪಗಳನ್ನು ತಲುಪಲು ತೆಗೆದುಕೊಂಡದ್ದು ಐದು ವಾರ, ಗಾಮನ ಈ ಒಂದು ಹಂತಕ್ಕೆ ಹಿಡಿದದ್ದು 93 ದಿನ. 1500ರಲ್ಲಿ 13 ಹಡಗುಗಳೊಂದಿಗೆ ಇಂಡಿಯಾಕ್ಕೆ ಹೊರಟ ಕಬ್ರಾಲ್ ಇದೇ ಬಾಗಿನಲ್ಲಿ ಇನ್ನಷ್ಟು ಪಶ್ಚಿಮಕ್ಕೆ ಸರಿದಾಗ ಏಪ್ರಿಲ್ 22ರಂದು ಬ್ರೆಜಿಲಿನ ಬೆಟ್ಟ ಕಾಣಿಸಿತು. ಆ ಪಯಣದಲ್ಲಿಯೇ ಕೇಪ್, ಅಂದರೆ ದಕ್ಷಿಣ ಆಫ್ರಿಕದ ಗುಡ್ ಹೋಪ್ ಭೂಶಿರದ, ಸಮೀಪದ ಬಿರುಗಾಳಿಗೆ ನಾಲ್ಕು ಹಡಗುಗಳು ಮುಳುಗಿದವು, ಅವುಗಳಲ್ಲಿ ಒಂದರಲ್ಲಿ ದಿಯಾಸ್ ಇದ್ದ.

ಇಷ್ಟು ಬಲ್ಲವರು ನಮ್ಮ ಅರಬ್ಬೀ ಸಮುದ್ರದಲ್ಲಿ ಸೋತದ್ದು ಹೇಗೆಂಬುದು ಈ ಪದದ ಎಲ್ಲೆಯನ್ನು ತೋರಿಸುತ್ತದೆ. ಗಾಮ ಆಫ್ರಿಕದ ಮಲಿಂದಿಯಲ್ಲಿ ದೊರೆತ, ಈ ಕಡಲನ್ನು ಬಲ್ಲ ಮಾರ್ಗದರ್ಶಿಯೊಂದಿಗೆ 1498ರ ಏಪ್ರಿಲ್ 24ರಂದು ಹೊರಟು ಮೇ 20ಕ್ಕೆ ಕಲ್ಲಿಕೋಟೆಯ ಬಳಿ ಲಂಗರು ಹಾಕಿದ. ನಾಲ್ಕು ವಾರವೂ ಹಿಡಿಯಲಿಲ್ಲ. ಮರಳುವಾಗ ಅವನು ಗಾಳಿಯ ಕಾಲವನ್ನು ಕಾಯದೆ ಆಗಸ್ಟ್ ಕೊನೆಯಲ್ಲೇ ಹೊರಟ. ಕರಾವಳಿಗುಂಟ ಉತ್ತರಕ್ಕೆ ಬಂದು, ಕಾರವಾರದ ಎದುರಿನ ಅಂಜುದೀವ್ ದ್ವೀಪದಲ್ಲಿ ಹಡಗುಗಳ ತಳ ದುರಸ್ತಿ ಮಾಡಿಸಿ, ಸಿಹಿನೀರು ತುಂಬಿಸಿಕೊಂಡು ಅಕ್ಟೋಬರ್ 5ರಂದು ಪಶ್ಚಿಮಕ್ಕೆ ಹಾಯಿ ಬಿಚ್ಚಿದ. ಈಶಾನ್ಯದ ಗಾಳಿ ಆಗಿನ್ನೂ ಸರಿಯಾಗಿ ಬೀಸತೊಡಗಿರಲಿಲ್ಲ. ಗಾಳಿಯಿಲ್ಲದ ದಿನಗಳು, ಎದುರುಗಾಳಿಯ ದಿನಗಳು ಸರದಿಯಂತೆ ಬಂದವು. ಆಫ್ರಿಕದ ದಡ ಕಂಡದ್ದು 1499ರ ಜನವರಿ 2ರಂದು. ಸ್ಕರ್ವಿ ರೋಗದಿಂದ ಸುಮಾರು 30 ಜನ ಆ ಒಂದೇ ಹಂತದಲ್ಲಿ ಸತ್ತರು, ನಡೆಸಲು ಜನ ಸಾಲದೆ ಸಾಂವ್ ರಫಾಯೆಲ್ ಎಂಬ ಹಡಗನ್ನು ಮಲಿಂದಿ ದಾಟಿದ ಮೇಲೆ ಅವರೇ ಸುಟ್ಟುಹಾಕಬೇಕಾಯಿತು.

ಅಟ್ಲಾಂಟಿಕ್‌ನ ಗಾಳಿಯ ಮುಂದೆ ನಾವಿಕ ಕೇಳಬೇಕಾದ ಪ್ರಶ್ನೆ ‘ಎಲ್ಲಿ?’ ಎಂಬುದು, ಸರಿಯಾದ ಅಕ್ಷಾಂಶಕ್ಕೆ ಹೋದರೆ ಬೇಕಾದ ಗಾಳಿ ಅಲ್ಲಿರುತ್ತದೆ. ಅರಬ್ಬೀ ಸಮುದ್ರದ ಗಾಳಿ ಕೇಳುವುದು ‘ಯಾವಾಗ?’ ಎಂದು. ಇಲ್ಲಿ ಗಾಳಿ ಋತುವಿನೊಡನೆ ದಿಕ್ಕು ಬದಲಿಸುವುದರಿಂದ ಮರಳಲು ಸುತ್ತುದಾರಿ ಬೇಕಿಲ್ಲ, ತಾಳ್ಮೆ ಬೇಕು. ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆಳೆದು, ನೂಲು ಹುಣ್ಣಿಮೆಯಂದು ಸಮುದ್ರಪೂಜೆ ಮಾಡಿ ಮತ್ತೆ ಕಡಲಿಗಿಳಿಯುವ ನಮ್ಮ ಕರಾವಳಿಯ ಜನರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಹೊನ್ನಾವರ, ಭಟ್ಕಳಗಳಿಂದ ಅರಬ್ ದೇಶಗಳಿಗೆ ಹೊರಡುತ್ತಿದ್ದ ವರ್ತಕರ ಹಡಗುಗಳು ಗಾಮ ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲಿನಿಂದ ಇದೇ ಲೆಕ್ಕದಲ್ಲಿ ಸಾಗಿದ್ದವು.

ಪೋರ್ಚುಗೀಸರು ಬೇಗನೆ ಕಲಿತರು. ಮುಂದೆ ಪ್ರತಿವರ್ಷ ಇಂಡಿಯಾಕ್ಕೆ ಬರುತ್ತಿದ್ದ ಹಡಗುಗಳು ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಲಿಸ್ಬನ್ ಬಿಟ್ಟು, ಅಟ್ಲಾಂಟಿಕ್‌ನ ದೊಡ್ಡ ಬಾಗನ್ನು ಬಳಸಿ, ನೈಋತ್ಯ ಮಾರುತದ ಕೊನೆಯ ಭಾಗವನ್ನು ಹಿಡಿದು ಸೆಪ್ಟೆಂಬರ್ ಹೊತ್ತಿಗೆ ಗೋವೆಗೋ ಕೊಚ್ಚಿಗೋ ಬರುವಂತೆ ಕಾಲ ಗೊತ್ತುಮಾಡಿಕೊಂಡವು. ಮೆಣಸು ತುಂಬಿಕೊಂಡು ಡಿಸೆಂಬರ್, ಜನವರಿಯ ಈಶಾನ್ಯ ಗಾಳಿಗೆ ಹೊರಟು, ಕೇಪ್ ದಾಟಿದ ಮೇಲೆ ಅಟ್ಲಾಂಟಿಕ್‌ನಲ್ಲಿ ಮತ್ತೆ ಹಳೆಯ ವೋಲ್ತಾವನ್ನೇ ಹಿಡಿದು ಅಜೋರ್ಸ್ ಮೂಲಕ ಮನೆ ಸೇರುತ್ತಿದ್ದವು. ಋತುವಿನ ಈ ಗಾಳಿಗೆ ಅವರ ಭಾಷೆಯಲ್ಲಿ ಪದವಿರಲಿಲ್ಲ. ಕಾಲ, ಋತು ಎಂಬರ್ಥದ ಅರಬ್ಬಿಯ ‘ಮೌಸಿಮ್’ ಎಂಬುದನ್ನು ಅವರು ‘ಮೊನ್ಸಾಂವ್’ ಎಂದು ಎರವಲು ಪಡೆದರು, ನಾವು ಇಂದು ಹೇಳುವ ‘ಮಾನ್ಸೂನ್’ ಆ ದಾರಿಯಿಂದಲೇ ಬಂದದ್ದು. ಲಿಸ್ಬನ್ನಿನ ರಾಜರು ಗೋವೆಗೆ ಬರೆದ, ಗೋವೆಯಿಂದ ಅವರಿಗೆ ಹೋದ ಪತ್ರಗಳ ಸಂಪುಟಗಳು ಪಣಜಿಯ ಪತ್ರಾಗಾರದಲ್ಲಿ ಇಂದಿಗೂ ಇವೆ. ಅವುಗಳನ್ನು ತಂದ ಗಾಳಿಯ ಹೆಸರಿನಿಂದಲೇ ಅವುಗಳನ್ನು ‘ಮೊನ್ಸೊಯಿಂಶ್ ದು ರೆಯ್ನು’, ರಾಜ್ಯದ ಮಾನ್ಸೂನುಗಳು, ಎಂದು ಕರೆಯುತ್ತಾರೆ.