ಎರಡೇ ಸೀಟಿನ ಮಾಜ್ಡಾ ಎಂಎಕ್ಸ್-5 ಮನೆಯ ಏಕೈಕ ಕಾರಾಗಬಲ್ಲದೇ?

ಪ್ರಶ್ನೆ: ಮಾಜ್ಡಾ ಎಂಎಕ್ಸ್-5 ಕಾರನ್ನು ಕೊಳ್ಳಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ನೋಡಲು ಸೊಗಸಾಗಿದೆ, ಓಡಿಸಿದವರೆಲ್ಲ ಹೊಗಳುತ್ತಾರೆ. ಆದರೆ ಇರುವುದು ಎರಡೇ ಸೀಟು, ಡಿಕ್ಕಿಯೂ ಚಿಕ್ಕದು. ದಿನವೂ ಕೆಲಸಕ್ಕೆ ಹೋಗಿಬರುವುದಕ್ಕೆ, ವಾರಾಂತ್ಯದ ಓಡಾಟಕ್ಕೆ ಇದೊಂದೇ ಕಾರು ಸಾಕಾಗುತ್ತದೆಯೇ? ಇದರ ನಿಜವಾದ ಗುಣಗಳೇನು, ಕೊರತೆಗಳೇನು?

ಉತ್ತರ: ನೀವು ಒಬ್ಬರೇ ಇದ್ದರೆ ಅಥವಾ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇದ್ದರೆ, ನಿಮ್ಮ ಮೈಕಟ್ಟು ಆ ಸೀಟಿಗೆ ಹೊಂದುವುದಾದರೆ, ದಿನನಿತ್ಯದ ಓಡಾಟದಲ್ಲಿ ಹೆದ್ದಾರಿಯ ಪಾಲು ತೀರಾ ಹೆಚ್ಚಿಲ್ಲವಾದರೆ, ಇದೊಂದೇ ಕಾರಿನಲ್ಲಿ ವರ್ಷಗಟ್ಟಲೆ ನಿಶ್ಚಿಂತೆಯಿಂದ ಇರಬಹುದು. ಮನೆಯಲ್ಲಿ ಮಗುವಿದ್ದರೆ, ಅಥವಾ ಊರಿನಿಂದ ಅಪ್ಪ ಅಮ್ಮ ಬಂದು ತಿಂಗಳುಗಟ್ಟಲೆ ಜೊತೆಗಿರುವ ವಾಡಿಕೆಯಿದ್ದರೆ, ಇದು ಎರಡನೆಯ ಕಾರಾಗಿ ಮಾತ್ರ ಸರಿ. ಮಾಜ್ಡಾ ಕಂಪನಿ ಭಾರತದಲ್ಲಿ ಕಾರು ಮಾರುವುದಿಲ್ಲವಾದ್ದರಿಂದ ಈ ಪ್ರಶ್ನೆ ಬರುವುದು ಹೆಚ್ಚಾಗಿ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ನೆಲೆಸಿರುವ ಕನ್ನಡಿಗರಿಂದ. ಅಮೆರಿಕದಲ್ಲಿ ಮಿಯಾಟಾ ಎಂದೂ ಜಪಾನಿನಲ್ಲಿ ರೋಡ್‌ಸ್ಟರ್ ಎಂದೂ ಕರೆಯುವುದು ಇದೇ ಕಾರನ್ನು. ಇಲ್ಲಿ ಹೇಳುವುದೆಲ್ಲ ಮುಖ್ಯವಾಗಿ 2015ರಿಂದ ಮಾರಾಟದಲ್ಲಿರುವ ನಾಲ್ಕನೆಯ ಪೀಳಿಗೆಯ ಬಗ್ಗೆ.

ಇದರ ಗುಣದೋಷಗಳು ಅರ್ಥವಾಗಬೇಕಾದರೆ ಇದನ್ನು ಏಕೆ ಹೀಗೆ ಕಟ್ಟಿದ್ದಾರೆಂಬುದು ತಿಳಿದಿರಬೇಕು. 1960ರ ದಶಕದಲ್ಲಿ ಲೋಟಸ್ ಎಲಾನ್, ಎಂಜಿಬಿಯಂಥ ಹಗುರವಾದ, ತೆರೆದ ಬ್ರಿಟಿಷ್ ಕಾರುಗಳಿಗೆ ಅಪಾರ ಅಭಿಮಾನಿಗಳಿದ್ದರು. ಆದರೆ ಎಣ್ಣೆ ಸೋರುವುದು, ವೈರಿಂಗ್ ಕೈಕೊಡುವುದು ಆ ಕಾರುಗಳಲ್ಲಿ ಮಾಮೂಲಾಗಿತ್ತು. 1980ರಲ್ಲಿ ಎಂಜಿಬಿಯ ತಯಾರಿಕೆ ನಿಂತ ಮೇಲೆ ಆ ಜಾಗ ಹೆಚ್ಚುಕಡಿಮೆ ಖಾಲಿಯಾಯಿತು. ಅಂಥದೇ ಒಂದು ಸರಳ ಕಾರನ್ನು ಜಪಾನಿನವರು ಕಟ್ಟಿದರೆ ಅದು ಕೆಡದೆ ಓಡೀತು ಎಂಬ ವಿಚಾರವನ್ನು ಮಾಜ್ಡಾದ ಹಿರಿಯ ಎಂಜಿನಿಯರ್ ಕೆನಿಚಿ ಯಾಮಾಮೊಟೊ ಅವರ ಮುಂದಿಟ್ಟವರು ಅಮೆರಿಕದ ಪತ್ರಕರ್ತ ಬಾಬ್ ಹಾಲ್. ಮುಂದೆ ಹಾಲ್ ಅವರೇ ಮಾಜ್ಡಾದ ಕ್ಯಾಲಿಫೋರ್ನಿಯಾ ಕಚೇರಿಯನ್ನು ಸೇರಿದರು, ತೊಶಿಹಿಕೊ ಹಿರಾಯಿ ಅವರ ನೇತೃತ್ವದಲ್ಲಿ ಕಾರು ಸಿದ್ಧವಾಯಿತು, 1989ರ ಫೆಬ್ರುವರಿಯಲ್ಲಿ ಷಿಕಾಗೋ ಪ್ರದರ್ಶನದಲ್ಲಿ ಅದನ್ನು ಮೊದಲ ಬಾರಿಗೆ ಜನರ ಮುಂದಿಟ್ಟರು. ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳಲ್ಲಿ ಅತಿ ಹೆಚ್ಚು ಮಾರಾಟವಾದದ್ದೆಂಬ ಗಿನ್ನೆಸ್ ದಾಖಲೆ 2000ದಲ್ಲಿ ಇದರ ಪಾಲಾಯಿತು; 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ತಯಾರಾಯಿತು.

ಈ ಮೂವತ್ತೈದಕ್ಕೂ ಹೆಚ್ಚು ವರ್ಷಗಳಲ್ಲಿ ಉಳಿದೆಲ್ಲ ಕಾರುಗಳು ಪೀಳಿಗೆಯಿಂದ ಪೀಳಿಗೆಗೆ ಉಬ್ಬುತ್ತ ಬಂದಿದ್ದರೆ, ಎಂಎಕ್ಸ್-5 ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ಈಗಿನ ಕಾರಿನ ಉದ್ದ 3,915 ಮಿಲಿಮೀಟರ್, ಅಂದರೆ 1989ರ ಕಾರಿಗಿಂತಲೂ ತುಸು ಕಡಿಮೆ. ತೂಕ ಮಾದರಿಗೆ ತಕ್ಕಂತೆ ಒಂದು ಟನ್ನಿನ ಆಚೀಚೆ. ಏರ್‌ಬ್ಯಾಗುಗಳು, ಅಪಘಾತದ ಹೊಡೆತ ತಡೆದುಕೊಳ್ಳುವ ಬಲವಾದ ಚೌಕಟ್ಟು, ಇಂದಿನ ಎಲೆಕ್ಟ್ರಾನಿಕ್ಸ್ ಎಲ್ಲವನ್ನೂ ತುಂಬಿಯೂ ಇಷ್ಟು ತೂಕದಲ್ಲಿ ನಿಲ್ಲಿಸುವುದು ಸುಲಭದ ಕೆಲಸವಲ್ಲ. ಬಾನೆಟ್ ಮತ್ತು ಡಿಕ್ಕಿಯ ಮುಚ್ಚಳವನ್ನು ಅಲ್ಯುಮಿನಿಯಮ್ಮಿನಲ್ಲಿ ಮಾಡಿದ್ದಾರೆ. ಎಂಜಿನನ್ನು ಮುಂದಿನ ಚಕ್ರಗಳ ನೇರಕ್ಕಿಂತ ಹಿಂದಕ್ಕೆ ಕೂರಿಸಿ, ಭಾರ ಮುಂದೆ ಅರ್ಧ, ಹಿಂದೆ ಅರ್ಧ ಬರುವಂತೆ ನೋಡಿಕೊಂಡಿದ್ದಾರೆ. ಗೇರ್‌ಬಾಕ್ಸನ್ನೂ, ಹಿಂದಿನ ಎರಡು ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲನ್ನೂ ಒಂದು ಉದ್ದನೆಯ ಹಗುರ ಚೌಕಟ್ಟಿನಿಂದ ಬಿಗಿದಿದ್ದಾರೆ. ಈ ಚೌಕಟ್ಟಿನಿಂದಾಗಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಹಿಂದಿನ ಚಕ್ರಗಳು ಸ್ಪಂದಿಸುತ್ತವೆ. ಒತ್ತಿದ ಪಾದಕ್ಕೂ ಕಾರಿನ ಚಲನೆಗೂ ನಡುವೆ ಸಡಿಲಿಕೆ ಎಂಬುದೇ ಇರುವುದಿಲ್ಲ.

ಓಡಿಸುವಾಗಿನ ಸುಖವೇ ಈ ಕಾರಿನ ಮೊದಲ ಮತ್ತು ದೊಡ್ಡ ಗುಣ, ಮತ್ತು ಅದು ವೇಗದ ಸುಖವಲ್ಲ. ಗೇರಿನ ಕೋಲು ಗಿಡ್ಡವಾಗಿದ್ದು ಮಣಿಕಟ್ಟಿನ ಸಣ್ಣ ತಿರುವಿನಲ್ಲೇ ಎರಡರಿಂದ ಮೂರಕ್ಕೆ ಹೋಗುತ್ತದೆ. ಒಳಗೆ ಲೋಹವು ತನ್ನ ಜಾಗದಲ್ಲಿ ಕೂತದ್ದು ಬೆರಳಿಗೆ ಗೊತ್ತಾಗುತ್ತದೆ. ಕ್ಲಚ್ ಹಗುರ. ಸೀಟು ಹಿಂದಿನ ಚಕ್ರಗಳಿಗೆ ತೀರಾ ಹತ್ತಿರವಿರುವುದರಿಂದ, ತಿರುವಿನಲ್ಲಿ ಕಾರಿನ ಹಿಂಭಾಗ ಏನು ಮಾಡುತ್ತಿದೆ ಎಂಬುದು ಸೊಂಟಕ್ಕೆ ಮೊದಲು ತಿಳಿಯುತ್ತದೆ. ಟೈರುಗಳನ್ನು ಬೇಕೆಂದೇ ಕಿರಿದಾಗಿ ಇಟ್ಟಿದ್ದಾರೆ, ಸ್ಪ್ರಿಂಗುಗಳನ್ನು ತುಸು ಮೆತ್ತಗೆ ಇಟ್ಟಿದ್ದಾರೆ; ಹಾಗಾಗಿ ಗಂಟೆಗೆ 50-60 ಕಿಲೋಮೀಟರ್ ವೇಗದಲ್ಲೇ ಕಾರು ವಾಲುವುದು, ಭಾರ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೊರಳುವುದು, ಟೈರಿನ ಹಿಡಿತ ಎಲ್ಲಿ ಮುಗಿಯುತ್ತದೆಂಬುದು ಎಲ್ಲವೂ ಅನುಭವಕ್ಕೆ ಬರುತ್ತದೆ. ಐನೂರು ಅಶ್ವಶಕ್ತಿಯ ಕಾರಿನಲ್ಲಿ ಇಷ್ಟು ತಿಳಿಯಬೇಕಾದರೆ ಕಾನೂನನ್ನೂ ವಿವೇಕವನ್ನೂ ಬದಿಗಿಡಬೇಕಾಗುತ್ತದೆ. ಡ್ರೈವಿಂಗ್ ಕಲೆಯನ್ನು ನಿಜವಾಗಿ ಕಲಿಯಬಯಸುವವರಿಗೆ ಇದಕ್ಕಿಂತ ಒಳ್ಳೆಯ ಗುರು ಈ ಬೆಲೆಯಲ್ಲಿ ಸಿಗುವುದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದಲೇ, ಇದರಲ್ಲಿ ಪವರ್ ಕಡಿಮೆ ಎಂಬ ಬಹಳ ಹಳೆಯ ದೂರನ್ನು ನಾನು ಒಪ್ಪುವುದಿಲ್ಲ. 2019ರ ಮಾದರಿಯಿಂದ ಎರಡು ಲೀಟರಿನ ಎಂಜಿನನ್ನು ತಿದ್ದಿ 181 ಅಶ್ವಶಕ್ತಿಗೆ ಏರಿಸಿದ್ದಾರೆ, ಅದು ನಿಮಿಷಕ್ಕೆ 7,500 ಸುತ್ತುಗಳವರೆಗೂ ಉತ್ಸಾಹದಿಂದ ಏರುತ್ತದೆ. ನಿಂತಲ್ಲಿಂದ ಗಂಟೆಗೆ 100 ಕಿಲೋಮೀಟರ್ ಮುಟ್ಟಲು ಸುಮಾರು 6.5 ಸೆಕೆಂಡು ಸಾಕು. ಬ್ರಿಟನ್ ಮುಂತಾದ ಕಡೆ ಸಿಗುವ ಒಂದೂವರೆ ಲೀಟರಿನ ಎಂಜಿನ್ ಇದಕ್ಕಿಂತ ನಿಧಾನವಾದದ್ದು, ಆದರೆ ಮೂತಿ ಇನ್ನಷ್ಟು ಹಗುರವಾಗಿರುವುದರಿಂದ ತಿರುವುಗಳಲ್ಲಿ ಅದೇ ಹೆಚ್ಚು ಚುರುಕೆಂದು ಹೇಳುವವರೂ ಇದ್ದಾರೆ. ಹೆದ್ದಾರಿಯಲ್ಲಿ ಓವರ್‌ಟೇಕ್ ಮಾಡುವ ಅಗತ್ಯ ಹೆಚ್ಚಿದ್ದರೆ ಎರಡು ಲೀಟರಿನದನ್ನೇ ಆರಿಸಿಕೊಳ್ಳಿ. ವಾಲುವಿಕೆ ಅತಿಯಾಯಿತು ಎಂಬ ದೂರಿನಲ್ಲಿ ಮಾತ್ರ ಹುರುಳಿದೆ. 2022ರ ಮಾದರಿಯಿಂದ, ತಿರುವಿನಲ್ಲಿ ಒಳಬದಿಯ ಹಿಂಚಕ್ರಕ್ಕೆ ಲಘುವಾಗಿ ಬ್ರೇಕು ಕೊಟ್ಟು ಕಾರಿನ ಹಿಂಭಾಗ ಮೇಲೇಳದಂತೆ ಹಿಡಿದಿಡುವ ವ್ಯವಸ್ಥೆಯನ್ನು ಸೇರಿಸಿರುವುದರಿಂದ ಆ ದೂರು ಈಗ ತಕ್ಕಮಟ್ಟಿಗೆ ತಗ್ಗಿದೆ.

ಮೇಲ್ಛಾವಣಿಯ ವಿಷಯ ಪ್ರತ್ಯೇಕವಾಗಿ ಹೇಳಬೇಕು. ಬಟ್ಟೆಯ ಛಾವಣಿಗೆ ಮೋಟರಿಲ್ಲ, ಮತ್ತು ಅದು ಬೇಕಾಗಿಯೂ ಇಲ್ಲ: ಮುಂದಿನ ಗಾಜಿನ ಮೇಲಂಚಿನ ನಡುವಿರುವ ಹಿಡಿಯನ್ನು ಬಿಡಿಸಿ, ಕೂತಲ್ಲಿಂದಲೇ ಒಂದು ಕೈಯಿಂದ ಹಿಂದಕ್ಕೆ ತಳ್ಳಿ, ಬೆನ್ನ ಹಿಂದೆ ಅದುಮಿದರೆ ಮುಗಿಯಿತು. ಟ್ರಾಫಿಕ್ ಸಿಗ್ನಲ್ಲಿನಲ್ಲಿ ನಿಂತಾಗ ತೆಗೆದು ಹಾಕುವಷ್ಟು ಸುಲಭವಾದ್ದರಿಂದ ಜನ ಅದನ್ನು ನಿಜವಾಗಿ ಬಳಸುತ್ತಾರೆ. 2016ರಲ್ಲಿ ಬಂದ ಆರ್‌ಎಫ್ ಮಾದರಿಯಲ್ಲಿ ಗಟ್ಟಿ ಛಾವಣಿಯು ಗುಂಡಿ ಒತ್ತಿದರೆ ಸುಮಾರು 13 ಸೆಕೆಂಡುಗಳಲ್ಲಿ ಮಡಚಿಕೊಳ್ಳುತ್ತದೆ. ಛಾವಣಿ ಮುಚ್ಚಿದಾಗ ಅದು ಇನ್ನೂ ಸುಂದರ, ಬೀದಿಯಲ್ಲಿ ನಿಲ್ಲಿಸುವವರಿಗೆ ಕಳ್ಳರ ಭಯವೂ ಕಡಿಮೆ. ಆದರೆ ತೂಕ ಹೆಚ್ಚು, ಬೆಲೆ ಹೆಚ್ಚು, ತೆರೆದು ಹೆದ್ದಾರಿಗೆ ಇಳಿದರೆ ಹಿಂದಿನ ಕಂಬಗಳ ನಡುವೆ ಗಾಳಿ ಸುತ್ತಿ ಜೋರಾಗಿ ಮೊರೆಯುತ್ತದೆ. ರಾತ್ರಿ ಕಾರು ನಿಲ್ಲಿಸಲು ಗ್ಯಾರೇಜಿದ್ದವರು ಬಟ್ಟೆಯ ಛಾವಣಿಯನ್ನೇ ಕೊಳ್ಳುವುದು ಒಳ್ಳೆಯದು.

ಇನ್ನು ಕೊರತೆಗಳು. ಡಿಕ್ಕಿಯ ಅಳತೆ 130 ಲೀಟರ್. ವಿಮಾನದೊಳಗೆ ಕೈಯಲ್ಲಿ ಒಯ್ಯುವ ಎರಡು ಚಿಕ್ಕ ಪೆಟ್ಟಿಗೆಗಳು ಅದರಲ್ಲಿ ಹಿಡಿಯುತ್ತವೆ. ವಾರದ ದಿನಸಿ, ಇಂಡಿಯನ್ ಅಂಗಡಿಯ ಒಂದು ಅಕ್ಕಿ ಚೀಲ ಹಿಡಿಯುತ್ತವೆ. ಊರಿಗೆ ಹೋಗುವಾಗ ಎಲ್ಲರೂ ತುಂಬಿಸಿಕೊಳ್ಳುವ 23 ಕಿಲೋ ತೂಕದ ದೊಡ್ಡ ಸೂಟ್‌ಕೇಸು ಹಿಡಿಯುವುದಿಲ್ಲ, ಅದನ್ನು ಪಕ್ಕದ ಸೀಟಿನಲ್ಲಿ ಕೂರಿಸಬೇಕು; ಅಂದರೆ ಇಬ್ಬರು ಸಾಮಾನು ಸಮೇತ ವಿಮಾನ ನಿಲ್ದಾಣಕ್ಕೆ ಹೋಗುವಂತಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ಕಾರುಗಳಲ್ಲೂ ಇರುವಂಥ ಖಾನೆ ಇಲ್ಲಿಲ್ಲ, ಬದಲಿಗೆ ಎರಡು ಸೀಟುಗಳ ನಡುವೆ ಹಿಂಬದಿಯಲ್ಲಿ ಒಂದು ಚಿಕ್ಕ ಬೀಗದ ಖಾನೆಯಿದೆ. ಕಾಫಿ ಲೋಟ ಇಡುವ ಬಳೆಗಳನ್ನು ಬಿಚ್ಚಿ ಬೇರೆ ಕಡೆ ಸಿಕ್ಕಿಸಬಹುದು, ಆದರೆ ಎಲ್ಲಿಟ್ಟರೂ ಒಬ್ಬರ ಮೊಣಕೈಗೋ ಇನ್ನೊಬ್ಬರ ಮೊಣಕಾಲಿಗೋ ತಾಗುತ್ತವೆ. ಸ್ಟೆಪ್ನಿಯೂ ಇಲ್ಲ, ಪಂಕ್ಚರಾದರೆ ಟೈರಿನೊಳಗೆ ಅಂಟು ದ್ರವ ತುಂಬುವ ಕಿಟ್ಟು ಮಾತ್ರ ಇರುತ್ತದೆ. ಟೈರಿನ ಪಕ್ಕೆ ಹರಿದರೆ ಅದು ಪ್ರಯೋಜನಕ್ಕೆ ಬರುವುದಿಲ್ಲ.

ಆರಡಿಗಿಂತ ಎತ್ತರವಿರುವವರು ಹಣ ಕೊಡುವ ಮೊದಲು ತಪ್ಪದೆ ಕೂತು ನೋಡಬೇಕು. ಸೀಟಿನ ಹಿಂದೆಯೇ ಗೋಡೆಯಿರುವುದರಿಂದ ಅದು ಒಂದು ಮಿತಿಗಿಂತ ಹಿಂದಕ್ಕೆ ಸರಿಯುವುದಿಲ್ಲ. 2019ರ ಮಾದರಿಗಿಂತ ಮೊದಲಿನ ಕಾರುಗಳಲ್ಲಿ ಸ್ಟೀರಿಂಗನ್ನು ಮೇಲೆ ಕೆಳಗೆ ಮಾಡಬಹುದಿತ್ತೇ ಹೊರತು ತನ್ನ ಕಡೆಗೆ ಎಳೆದುಕೊಳ್ಳಲಾಗುತ್ತಿರಲಿಲ್ಲ. ಸೆಕೆಂಡ್‌ಹ್ಯಾಂಡ್ ಕೊಳ್ಳುವ ಎತ್ತರದವರಿಗೆ ಈ ಒಂದು ಕಾರಣಕ್ಕಾಗಿಯೇ 2019ರ ನಂತರದ ಕಾರು ಮೇಲು. ಮಂಡಿ ನೋವು, ಸೊಂಟ ನೋವು ಇರುವವರಿಗೆ ಇಷ್ಟು ತಗ್ಗಿನಿಂದ ದಿನಕ್ಕೆ ನಾಲ್ಕಾರು ಬಾರಿ ಏಳುವುದು ನಿಜವಾದ ಕಷ್ಟ. ಬಟ್ಟೆಯ ಛಾವಣಿ ಮುಚ್ಚಿದ್ದರೂ ಹೆದ್ದಾರಿಯಲ್ಲಿ ಗಾಳಿಯ ಮತ್ತು ಟೈರಿನ ಸದ್ದು ಸಾಕಷ್ಟಿರುತ್ತದೆ, ಫೋನಿನಲ್ಲಿ ಮಾತಾಡಬೇಕಾದರೆ ದನಿ ಏರಿಸಬೇಕಾಗುತ್ತದೆ. ದಿನಕ್ಕೆ ಅರ್ಧ ಗಂಟೆಯ ಹಾದಿಯಾದರೆ ಇದು ಲೆಕ್ಕಕ್ಕೆ ಬರುವುದಿಲ್ಲ. ಎರಡು ಗಂಟೆಯಾದರೆ ಮನೆಗೆ ಬರುವ ಹೊತ್ತಿಗೆ ದಣಿವಾಗಿರುತ್ತದೆ.

ಮಗುವಿನ ವಿಷಯದಲ್ಲಿ ರಾಜಿ ಬೇಡ. ಹಿಂದಿನ ಸೀಟೇ ಇಲ್ಲದ ಕಾರಿನಲ್ಲಿ ಮಗು ಏರ್‌ಬ್ಯಾಗಿನ ಎದುರೇ ಕೂರಬೇಕಾಗುತ್ತದೆ. ಹಿಂದಕ್ಕೆ ಮುಖಮಾಡಿದ ಶಿಶು ಸೀಟನ್ನು ಚಾಲೂ ಇರುವ ಏರ್‌ಬ್ಯಾಗಿನ ಮುಂದೆ ಇಡುವುದು ಪ್ರಾಣಾಪಾಯ. ನಿಮ್ಮ ದೇಶದ ಕಾನೂನು ಮತ್ತು ಕಾರಿನ ಕೈಪಿಡಿ ಏನು ಹೇಳುತ್ತವೆಂಬುದನ್ನು ಓದದೆ ಮುಂದುವರಿಯಬೇಡಿ. ಯುರೋಪಿನಲ್ಲಿ ಕಾರುಗಳ ಸುರಕ್ಷತೆಯನ್ನು ಅಳೆಯುವ ಸಂಸ್ಥೆ ಯೂರೋ ಎನ್‌ಸಿಎಪಿ 2015ರಲ್ಲಿ ನಡೆಸಿದ ಪರೀಕ್ಷೆಯಲ್ಲಿ ಇದಕ್ಕೆ ಐದರಲ್ಲಿ ನಾಲ್ಕು ನಕ್ಷತ್ರ ಬಂದಿತ್ತು. ಆ ಹೊತ್ತಿನ ಕಾರಿನಲ್ಲಿ ತಾನಾಗಿಯೇ ಬ್ರೇಕು ಹಾಕುವ ವ್ಯವಸ್ಥೆ ಇರಲಿಲ್ಲ, ನಂತರದ ಮಾದರಿಗಳಲ್ಲಿ ಅದು ಬಂದಿದೆ. ದೊಡ್ಡ ಎಸ್‌ಯುವಿ ಓಡಿಸುವವರ ಕನ್ನಡಿಗೆ ಇಷ್ಟು ತಗ್ಗಿನ ಕಾರು ಬೀಳುವುದೇ ಇಲ್ಲವೆಂಬುದನ್ನು ಲೇನ್ ಬದಲಿಸುವಾಗಲೆಲ್ಲ ನೆನಪಿಡಬೇಕು.

ಖರ್ಚಿನ ಬಗ್ಗೆ ಹೆದರಬೇಕಾಗಿಲ್ಲ. ಟರ್ಬೊ ಇಲ್ಲದ ಸರಳ ಎಂಜಿನ್, ದುಬಾರಿಯಲ್ಲದ ಟೈರು, ಮಾಮೂಲಿ ಸರ್ವಿಸು. ಅಮೆರಿಕದ ಸರ್ಕಾರಿ ಅಂದಾಜಿನ ಪ್ರಕಾರ ಮೈಲೇಜು ಲೀಟರಿಗೆ ಸುಮಾರು 12 ಕಿಲೋಮೀಟರ್. ನಾಲ್ಕನೆಯ ಪೀಳಿಗೆಯ ಮೊದಲ ಒಂದೆರಡು ವರ್ಷಗಳ ಕೆಲವು ಕಾರುಗಳಲ್ಲಿ ಗೇರ್‌ಬಾಕ್ಸ್ ಕೆಟ್ಟದ್ದುಂಟು, ಕಂಪನಿ ಆಮೇಲೆ ಒಳಗಿನ ಭಾಗಗಳನ್ನು ಗಟ್ಟಿಮಾಡಿತು. ಹಾಗಾಗಿ 2016-17ರ ಕಾರು ನೋಡುತ್ತಿದ್ದರೆ ಗೇರ್‌ಬಾಕ್ಸ್ ಬದಲಾಗಿದೆಯೇ ಎಂದು ದಾಖಲೆ ಕೇಳಿ. ಮೊದಲ ಎರಡು ಪೀಳಿಗೆಯ ಹಳೆಯ ಕಾರುಗಳಿಗೆ ದೊಡ್ಡ ಶತ್ರು ತುಕ್ಕು. ಬಟ್ಟೆಯ ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದಿನ ಎರಡು ಮೂಲೆಗಳಲ್ಲಿರುವ ಕೊಳವೆಗಳ ಮೂಲಕ ಕೆಳಗಿಳಿಯಬೇಕು. ಅವುಗಳಲ್ಲಿ ಎಲೆಕಸ ಕಟ್ಟಿಕೊಂಡರೆ ನೀರು ಬಾಗಿಲ ಕೆಳಗಿನ ಪಟ್ಟಿಯೊಳಗೆ ನಿಂತು ಒಳಗಿನಿಂದಲೇ ತಿನ್ನುತ್ತದೆ. ಹಿಂದಿನ ಚಕ್ರದ ಮುಂಭಾಗದಲ್ಲಿ ಆ ಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಣ್ಣ ಗುಳ್ಳೆಯೆದ್ದಿದ್ದರೆ ಅಥವಾ ಬೆರಳಿಗೆ ಮೆತ್ತಗೆ ಸಿಕ್ಕರೆ, ಮೇಲೆ ಎಷ್ಟೇ ಹೊಳೆಯುತ್ತಿರಲಿ, ಆ ಕಾರು ಬೇಡ.

ಪರ್ಯಾಯಗಳಲ್ಲಿ ಟೊಯೊಟಾ ಜಿಆರ್86 ಹೆಚ್ಚುಕಡಿಮೆ ಇದೇ ಬೆಲೆಗೆ ಸಿಗುತ್ತದೆ. ಅದರ ಹಿಂದಿನ ಸೀಟು ಹೆಸರಿಗಷ್ಟೇ ಆದರೂ ಮಡಚಿದರೆ ಸಾಮಾನಿಗೆ ಜಾಗವಾಗುತ್ತದೆ. ಬಿಎಂಡಬ್ಲ್ಯು ಝಡ್4, ಪೋರ್ಷೆ ಬಾಕ್ಸ್‌ಸ್ಟರ್ ಇವು ಹೆಚ್ಚು ಶಕ್ತಿಶಾಲಿ, ಹೆಚ್ಚು ಆರಾಮ, ಬೆಲೆಯೂ ಬಹಳ ಹೆಚ್ಚು. ಊರಿಗೆ ಮರಳುವಾಗ ಕಾರನ್ನೂ ತರುವ ಆಲೋಚನೆ ಇದ್ದರೆ ಅದನ್ನು ಈಗಲೇ ಕೈಬಿಡಿ: ಅಮೆರಿಕದ ಕಾರಿನ ಸ್ಟೀರಿಂಗ್ ಎಡಕ್ಕಿರುವುದರಿಂದ ಭಾರತದ ಆಮದು ನಿಯಮಕ್ಕೆ ಅದು ಒಗ್ಗುವುದಿಲ್ಲ, ಬ್ರಿಟನ್ನಿನ ಕಾರಾದರೂ ಮೂರು ವರ್ಷಕ್ಕಿಂತ ಹಳೆಯದಾಗಿರಬಾರದು, ಸುಂಕ ಭಾರಿ, ಬಂದ ಮೇಲೆ ಬಿಡಿಭಾಗಕ್ಕೂ ಸರ್ವಿಸಿಗೂ ಇಲ್ಲಿ ಕಂಪನಿಯೇ ಇಲ್ಲ.

ಟೆಸ್ಟ್ ಡ್ರೈವಿಗೆ ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ, ಏಕೆಂದರೆ ಅರ್ಧ ಆಯುಷ್ಯ ಪಕ್ಕದ ಸೀಟಿನಲ್ಲಿ ಕಳೆಯುವವರು ಅವರು. ಅವರನ್ನು ಹತ್ತಿಸಿ ಇಳಿಸಿ ನೋಡಿ. ನೀವು ವಾರಕ್ಕೊಮ್ಮೆ ಒಯ್ಯುವ ಚೀಲವನ್ನೇ ಡಿಕ್ಕಿಯಲ್ಲಿಟ್ಟು ಮುಚ್ಚಿ ನೋಡಿ. ಆಮೇಲೆ ಛಾವಣಿ ಮುಚ್ಚಿಕೊಂಡೇ ಹೆದ್ದಾರಿಯಲ್ಲಿ ಇಪ್ಪತ್ತು ನಿಮಿಷ ಹೋಗಿ ಬನ್ನಿ. ಛಾವಣಿ ತೆಗೆದು ಊರೊಳಗೆ ಒಂದು ಸುತ್ತು ಹಾಕುವುದನ್ನು ಕೊನೆಗೆ ಇಟ್ಟುಕೊಳ್ಳಿ, ಅದನ್ನು ಮೊದಲು ಮಾಡಿದರೆ ಉಳಿದ ಪರೀಕ್ಷೆಗಳಿಗೆ ಮನಸ್ಸು ಬರುವುದಿಲ್ಲ.