ಸ್ಪ್ರೇ ಕೆಳಗಿಡಿ, ಜಿರಳೆಗೆ ಊಟ ಬಡಿಸಿ

ಜಿರಳೆ ಕಂಡ ಕೂಡಲೇ ಸ್ಪ್ರೇ ಡಬ್ಬಿ ಹುಡುಕುವವರಿಗೆ ಒಂದು ಮಾತು. ನೀವು ಹೊಡೆಯುವುದು ಕಣ್ಣಿಗೆ ಬಿದ್ದವಕ್ಕೆ ಮಾತ್ರ. ಮಿಕ್ಕ ಸಂಸಾರವೆಲ್ಲ ಫ್ರಿಜ್ಜಿನ ಮೋಟಾರ್ ಹಿಂದೆ, ಮಿಕ್ಸಿಯ ತಳದಲ್ಲಿ, ಕಪಾಟಿನ ಬಾಗಿಲಿನ ಕೀಲುಗಳೊಳಗೆ ಬೆಚ್ಚಗೆ ಕೂತಿರುತ್ತದೆ.

ನಾನು ಹೇಳುತ್ತಿರುವುದು ಚಿಕ್ಕ ಜಿರಳೆಯ ಬಗ್ಗೆ. ತಿಳಿಗಂದು ಬಣ್ಣ, ತಲೆಯ ಹಿಂದೆ ಎರಡು ಕಪ್ಪು ಗೀಟು. ಬಚ್ಚಲಿನಿಂದ ಏರಿ ಬಂದು ಮನೆಮಂದಿಯನ್ನೆಲ್ಲ ಕುಣಿಸುವ ಆ ದೊಡ್ಡ ಕೆಂಗಂದು ಜಿರಳೆಯ ಕಥೆ ಬೇರೆ. ಅದು ಹೆಚ್ಚಾಗಿ ಚರಂಡಿಯ ಪ್ರಾಣಿ. ಮೋರಿಯ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ಪೈಪಿನ ಸುತ್ತ ಸಿಮೆಂಟ್ ಮೆತ್ತಿದರೆ ಅರ್ಧ ಕೆಲಸ ಮುಗಿಯಿತು. ಚಿಕ್ಕದು ಹಾಗಲ್ಲ. ಅದಕ್ಕೆ ಮನೆಯೇ ಊರು.

ಎಷ್ಟರ ಮಟ್ಟಿಗೆ ಅಂದರೆ, ಮನುಷ್ಯರ ವಾಸವಿಲ್ಲದ ಕಡೆ, ಕಾಡಿನಲ್ಲೋ ಗದ್ದೆಯಲ್ಲೋ, ಅದು ನೆಲೆ ನಿಂತದ್ದೇ ಇಲ್ಲ. ಹಾಗಾದರೆ ಎಲ್ಲಿಂದ ಬಂತು? 1767ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದಕ್ಕೆ ‘ಜರ್ಮನ್’ ಎಂದು ಹೆಸರಿಟ್ಟ. ಆ ಹಣೆಪಟ್ಟಿ ಇಂದಿಗೂ ಕಳಚಿಲ್ಲ. ಆದರೆ 2024ರಲ್ಲಿ ವಿಜ್ಞಾನಿಗಳು 17 ದೇಶಗಳ 281 ಜಿರಳೆಗಳ ಡಿಎನ್‌ಎ ಹೋಲಿಸಿ ನೋಡಿದಾಗ ಬೇರು ಸಿಕ್ಕಿದ್ದು ನಮ್ಮ ಕಡೆ. ಸುಮಾರು 2,100 ವರ್ಷಗಳ ಹಿಂದೆ, ಭಾರತ ಅಥವಾ ಮ್ಯಾನ್ಮಾರ್‌ನಲ್ಲಿ, ಹೊಲಗದ್ದೆಯಲ್ಲಿದ್ದ ಒಂದು ಏಷ್ಯಾದ ಜಿರಳೆ ಮನುಷ್ಯರ ಮನೆಗೆ ಒಗ್ಗಿಕೊಂಡಿತು. ಸುಮಾರು 1,200 ವರ್ಷಗಳ ಹಿಂದೆ ವ್ಯಾಪಾರಿಗಳು, ಸೈನಿಕರು ಓಡಾಡುವ ದಾರಿಯಲ್ಲಿ ಪಶ್ಚಿಮ ಏಷ್ಯಾಕ್ಕೆ ಹೋಯಿತು. ಆಮೇಲೆ ಯೂರೋಪಿನವರ ಹಡಗು ಹತ್ತಿ ಪೂರ್ವಕ್ಕೂ ಹೊರಟಿತು. ಯೂರೋಪಿನೊಳಗೆ ಹೊಕ್ಕಿದ್ದು ತೀರಾ ತಡವಾಗಿ. ಅಲ್ಲಿಯ ಚಳಿ ತಡೆಯಲು ಮನೆ ಬಿಸಿಮಾಡುವ ವ್ಯವಸ್ಥೆ ಬಂದಮೇಲೆ ಇದಕ್ಕೆ ಹಬ್ಬವೋ ಹಬ್ಬ. ಎರಡು ಸಾವಿರ ವರ್ಷ ನಮ್ಮ ಒಲೆಯ ಪಕ್ಕದಲ್ಲೇ ಇದ್ದದ್ದು ಒಂದು ಡಬ್ಬಿ ಸ್ಪ್ರೇಗೆ ಹೆದರಿ ಹೋಗುತ್ತದೆ ಅಂದುಕೊಂಡರೆ ಹೇಗೆ?

ಅಂಗಡಿಯ ಸ್ಪ್ರೇಗಳಲ್ಲಿ ಬಹುಪಾಲು ಪೈರೆಥ್ರಾಯ್ಡ್ ಗುಂಪಿನ ವಿಷ ಇರುತ್ತದೆ. ಗೋಡೆಗುಂಟ ಗೀಚುವ ಚಾಕ್‌ನಲ್ಲೂ ಸಾಮಾನ್ಯವಾಗಿ ಅದೇ. ನರದಲ್ಲಿ ಸೋಡಿಯಂ ಒಳಬಿಡುವ ಸಣ್ಣ ಸಣ್ಣ ದ್ವಾರಗಳಿವೆ, ಈ ವಿಷ ಅವನ್ನು ಮುಚ್ಚಲು ಬಿಡುವುದಿಲ್ಲ. ನರ ಸುಮ್ಮನಾಗುವುದೇ ಇಲ್ಲ. ಜಿರಳೆ ಅಂಗಾತ ಬಿದ್ದು ಕಾಲು ಬಡಿಯುತ್ತದೆ. ಆದರೆ ಆ ದ್ವಾರದ ರಚನೆಯೇ ಚೂರು ಬದಲಾಗಿ ಹುಟ್ಟಿದ ಜಿರಳೆಗಳ ಮೇಲೆ ವಿಷ ಸರಿಯಾಗಿ ಹತ್ತುವುದಿಲ್ಲ. ನಾವು ಹೊಡೆದಷ್ಟೂ ಅಂಥವೇ ಉಳಿದು ಮರಿ ಮಾಡುತ್ತವೆ. ಜೊತೆಗೆ ಈ ವಿಷ ಜಿರಳೆಗೆ ಕಿರಿಕಿರಿ ಮಾಡುವುದರಿಂದ ಅದು ಪೈಪಿನ ಸಂದಿಯಲ್ಲಿ ಪಕ್ಕದ ಮನೆಗೆ ಓಡುತ್ತದೆ. ಅವರು ಹೊಡೆದಾಗ ವಾಪಸ್ ಬರುತ್ತದೆ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ ಇದು ಗೊತ್ತಿರುವ ಕಥೆಯೇ, ಅಲ್ವಾ?

ಹಾಗಾಗಿ ಜೆಲ್. ಸಿರಿಂಜಿನಲ್ಲಿ ಬರುವ, ತಿನಿಸಿಗೆ ವಿಷ ಬೆರೆಸಿದ ಆ ಕಂದು ಅಂಟು. ಜನ ಇದನ್ನು ನಂಬುವುದಿಲ್ಲ, ಏಕೆಂದರೆ ಇದು ಹಾಕಿದ ತಕ್ಷಣ ಏನೂ ಆಗುವುದಿಲ್ಲ. ಅದರ ಚಂದವೇ ಅಲ್ಲಿರುವುದು!

ಜಿರಳೆ ಜೆಲ್ ತಿಂದು ತಕ್ಷಣ ಸತ್ತರೆ ನಮಗೆ ಲಾಭವಿಲ್ಲ. ಅದು ಗೂಡಿಗೆ ಹೋಗಬೇಕು. ಅಲ್ಲಿ ಆಗಷ್ಟೇ ಮೊಟ್ಟೆಯೊಡೆದ ಮರಿಗಳಿರುತ್ತವೆ. ಅವು ಊಟ ಹುಡುಕಿಕೊಂಡು ಹೊರಗೆ ಬರುವುದು ಕಡಿಮೆ. ದೊಡ್ಡವರ ಹಿಕ್ಕೆಯನ್ನೇ ತಿನ್ನುತ್ತವೆ. ಅಸಹ್ಯ ಅನ್ನಬೇಡಿ, ಮರಿಗಳ ಹೊಟ್ಟೆಗೆ ಬೇಕಾದ ಬ್ಯಾಕ್ಟೀರಿಯಾ ಸೇರುವುದೂ ಹೀಗೆಯೇ. ಪೇಟೆಗೆ ಹೋದ ಅಪ್ಪ ಮಕ್ಕಳಿಗೆ ತಿಂಡಿ ಕಟ್ಟಿಸಿಕೊಂಡು ಬಂದ ಹಾಗೆ, ಜೆಲ್ ತಿಂದ ಜಿರಳೆ ವಿಷವನ್ನು ಹಿಕ್ಕೆಯಲ್ಲಿ ಮನೆಗೆ ಒಯ್ಯುತ್ತದೆ. ಅದು ಸತ್ತಮೇಲೆ ಹೆಣವನ್ನೂ ಉಳಿದವು ಬಿಡುವುದಿಲ್ಲ. ಇಂಡಾಕ್ಸಕಾರ್ಬ್ ಎಂಬ ವಿಷದ ಮೇಲೆ 2008ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಜೆಲ್ ತಿಂದದ್ದರಿಂದ ಎರಡನೆಯದು, ಎರಡನೆಯದರಿಂದ ಮೂರನೆಯದು ಸತ್ತಿದ್ದು ದಾಖಲಾಗಿದೆ. ಈ ವಿಷ ಕೀಟದ ದೇಹದೊಳಗೆ ಹೋದಮೇಲೇ, ಅದರದೇ ಕಿಣ್ವಗಳ ಕೈಯಲ್ಲಿ, ಇನ್ನೂ ಉಗ್ರ ರೂಪಕ್ಕೆ ತಿರುಗುತ್ತದೆ.

ಜಿರಳೆಯೂ ಸುಮ್ನೆ ಕೂತಿಲ್ಲ. ಅಮೆರಿಕದಲ್ಲಿ ಜೂಲ್ಸ್ ಸಿಲ್ವರ್‌ಮನ್ ಎಂಬ ಕೀಟವಿಜ್ಞಾನಿಗೆ ವಿಚಿತ್ರವೊಂದು ಕಂಡಿತು. ಕೆಲವು ಜಿರಳೆಗಳು ಸಿಹಿ ಬೆರೆಸಿದ ವಿಷದೂಟದ ರುಚಿ ನೋಡಿ ಹಿಂದೆ ಸರಿಯುತ್ತಿದ್ದವು. ಅವು ಬೇಡ ಎನ್ನುತ್ತಿದ್ದದ್ದು ವಿಷವನ್ನಲ್ಲ, ಗ್ಲೂಕೋಸನ್ನು! ಕಾರಣ ಗೊತ್ತಾಗಿದ್ದು 2013ರಲ್ಲಿ. ಇವುಗಳ ಬಾಯಿಯ ಕೂದಲಲ್ಲಿ ಕಹಿ ಗುರುತಿಸುವ ನರಕೋಶಗಳೇ ಗ್ಲೂಕೋಸಿಗೂ ಪ್ರತಿಕ್ರಿಯಿಸುತ್ತಿದ್ದವು. ಅಂದರೆ ಸಿಹಿ ಕಹಿಯಾಗಿತ್ತು. ಇದರಿಂದ ಸಂಸಾರದಲ್ಲೂ ಜಗಳ. ಗಂಡು ಜಿರಳೆ ರೆಕ್ಕೆ ಎತ್ತಿ ಬೆನ್ನಿನ ಮೇಲೆ ಸಿಹಿರಸ ಒಸರಿಸುತ್ತದೆ. ಹೆಣ್ಣು ಹತ್ತಿ ಅದನ್ನು ನೆಕ್ಕುವಾಗ ಕೂಡುತ್ತವೆ. ಈಗ ಆ ರಸ ಹೆಣ್ಣಿನ ಎಂಜಲಿನಲ್ಲಿ ಗ್ಲೂಕೋಸ್ ಆಗಿ, ಕಹಿ ಎಂದು ಅದು ಇಳಿದೇ ಹೋಗುತ್ತದೆ. ಗಂಡುಗಳು ಇದಕ್ಕೂ ದಾರಿ ಹುಡುಕಿಕೊಂಡಿವೆ. ರಸದಲ್ಲಿ ಬೇರೆ ಬಗೆಯ ಸಕ್ಕರೆ ಜಾಸ್ತಿಯಾಗಿದೆ, ಕೂಡುವುದೂ ಬೇಗ ಬೇಗ. ಜೆಲ್ ತಯಾರಕರು ಗ್ಲೂಕೋಸ್ ಬಿಟ್ಟು ಬೇರೆ ರುಚಿ ಹುಡುಕಬೇಕಾಯಿತು.

ಇಷ್ಟೆಲ್ಲ ನಡೆಯುತ್ತಿರುವಾಗ ವಾಟ್ಸಾಪ್‌ನಲ್ಲಿ ಪಲಾವ್ ಎಲೆ ಇಡಿ, ಲವಂಗ ಇಡಿ ಎಂದು ಬರುತ್ತದೆ. ವಾಸನೆಗೆ ಜಿರಳೆ ಆ ಡ್ರಾಯರ್ ಬಿಟ್ಟು ಈ ಡ್ರಾಯರ್‌ಗೆ ಹೋದರೆ ಅದು ನಿವಾರಣೆಯೇ? ನಮ್ಮ ಕಿವಿಗೆ ಕೇಳದ ಸದ್ದಿನಿಂದ ಜಿರಳೆ ಓಡಿಸುತ್ತೇವೆ ಎನ್ನುವ, ಪ್ಲಗ್‌ಗೆ ಚುಚ್ಚುವ ‘ಶ್ರವಣಾತೀತ’ ಯಂತ್ರಗಳ ವಿಷಯ ಕೇಳಲೇಬೇಡಿ. 2001ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥವನ್ನು ತಯಾರಿಸುವ, ಮಾರುವ 60ಕ್ಕೂ ಹೆಚ್ಚು ಕಂಪನಿಗಳಿಗೆ ಪುರಾವೆ ಇಲ್ಲದೆ ಪ್ರಚಾರ ಮಾಡಬೇಡಿ ಎಂದು ಎಚ್ಚರಿಸಿತ್ತು. ಸಿಂಕ್‌ಗೆ ನುಸಿಗುಳಿಗೆ ಹಾಕುವ ಅಭ್ಯಾಸವಂತೂ ನನಗೆ ಭಯವೇ ತರಿಸುತ್ತದೆ. ಜಿ6ಪಿಡಿ ಕಿಣ್ವದ ಕೊರತೆ ಇರುವ ಹಸುಗೂಸುಗಳ ರಕ್ತಕಣಗಳನ್ನು ಈ ಗುಳಿಗೆಯಲ್ಲಿರುವ ನ್ಯಾಫ್ತಲೀನ್ ಒಡೆದುಬಿಡಬಲ್ಲದು.

ಹಳೆಯದರಲ್ಲಿ ಒಂದು ಮಾತ್ರ ಗಟ್ಟಿ: ಕೇರಂ ಬೋರ್ಡಿಗೆ ಹಾಕುವ ಬೋರಿಕ್ ಪೌಡರ್. ಗೋಧಿಹಿಟ್ಟಿಗೆ ಕಲಸಿ ಉಂಡೆ ಮಾಡಿ ಇಡುತ್ತಿದ್ದವರು ತಿಳಿದೋ ತಿಳಿಯದೆಯೋ ಜೆಲ್‌ನ ತತ್ವವನ್ನೇ ಹಿಡಿದಿದ್ದರು. ಅದೂ ನಿಧಾನದ ಹೊಟ್ಟೆವಿಷ. ಅಂಬೆಗಾಲಿಡುವ ಮಕ್ಕಳು, ಸಾಕುಪ್ರಾಣಿ ಇರುವ ಮನೆಯಲ್ಲಿ ಮಾತ್ರ ಬೇಡ.

ಜೆಲ್ ಇಡುವಾಗ ಒಂದೇ ಕಡೆ ದೊಡ್ಡ ಮುದ್ದೆ ಹಾಕಬೇಡಿ. ಹೆಸರುಕಾಳಿನಷ್ಟು ಚುಕ್ಕೆ, ಹತ್ತಾರು ಕಡೆ. ಕಪಾಟಿನ ಕೀಲಿನ ಪಕ್ಕ, ಸಿಂಕ್ ಕೆಳಗಿನ ಪೈಪಿನ ತೂತಿನ ಅಂಚು, ಫ್ರಿಜ್ ಹಿಂಬದಿ, ಸ್ಟೌ ಇಡುವ ಕಲ್ಲಿನ ತಳ. ಕರಿಮೆಣಸಿನ ಪುಡಿ ಉದುರಿದ ಹಾಗೆ ಹಿಕ್ಕೆ ಕಂಡರೆ ಅಲ್ಲೇ ಇಡಿ. ಆ ಜಾಗಕ್ಕೆ ಸ್ಪ್ರೇ, ಫಿನಾಯಿಲ್ ತಾಗಿಸಬೇಡಿ, ವಾಸನೆ ಹತ್ತಿದರೆ ಜಿರಳೆ ಬಾಯಿ ಹಾಕುವುದಿಲ್ಲ. ರಾತ್ರಿ ಮಲಗುವ ಮೊದಲು ಸಿಂಕ್ ಒರೆಸಿ ಒಣಗಿಸಿ. ಊಟವಿಲ್ಲದೆ ಅವು ವಾರಗಟ್ಟಲೆ ಇರಬಲ್ಲವು, ನೀರಿಲ್ಲದೆ ಅಷ್ಟು ದಿನ ಇರಲಾರವು.

ನಾಲ್ಕೈದು ದಿನದಲ್ಲಿ ಹಗಲಲ್ಲೇ ತೂರಾಡುವ ಜಿರಳೆ ಕಂಡರೆ ಕೆಲಸ ನಡೆಯುತ್ತಿದೆ ಎಂದರ್ಥ. ಹೆಣ್ಣು ಜಿರಳೆ 30–40 ಮೊಟ್ಟೆಗಳ ಗಟ್ಟಿ ಕೋಶವೊಂದನ್ನು ಮರಿಯಾಗುವವರೆಗೂ ಹೊಟ್ಟೆಯ ತುದಿಯಲ್ಲೇ ಹೊತ್ತು ತಿರುಗುತ್ತದೆ. ಒಳಗಿರುವುದಕ್ಕೆ ಬಾಯಿಲ್ಲ, ಆದ್ದರಿಂದ ಜೆಲ್ ತಿನ್ನುವ ಮಾತೂ ಇಲ್ಲ. ಮೂರ್ನಾಲ್ಕು ವಾರ ಕಳೆದ ಮೇಲೆ, ಒಂದೂ ಕಾಣದಿದ್ದರೂ ಸರಿ, ಒಣಗಿದ ಚುಕ್ಕೆಗಳನ್ನು ಕೆರೆದು ಹೊಸದಾಗಿ ಇನ್ನೊಂದು ಸುತ್ತು ಇಡಿ.